ಲಂಕೆಗೆ ಹೊರಟ ಲೆಕ್ಕದ ಪುಸ್ತಕ

ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಗಣಿತ ಕಲಿಸುವ ಮೇಷ್ಟರೊಬ್ಬರ ಮನೆಯಲ್ಲಿ ಈಚೆಗೆ ಒಂದು ನೂರು ಪುಟದ ನೋಟುಪುಸ್ತಕ ತೆರೆಯಿತು. ಮೊದಲ ಪುಟದ ನೆತ್ತಿಯಲ್ಲಿ ‘ಶ್ರೀ’ ಎಂದು ಬರೆದು, ಅದರ ಕೆಳಗೆ ಒಂದೇ ಒಂದು ಅಂಕೆಯನ್ನು ನಮೂದಿಸಲಾಗಿತ್ತು: 1,28,000. ತಿಂಗಳಿಗೆ ಐದು ಸಾವಿರದಂತೆ ಎರಡು ವರ್ಷ ಬ್ಯಾಂಕಿನ ಆವರ್ತ ಠೇವಣಿಗೆ ಕಟ್ಟಿದ ಹಣ, ಬಡ್ಡಿ ಸೇರಿ ಆದ ಮೊತ್ತ. ಅದಕ್ಕಾಗಿ ಮನೆಗೆ ಸುಣ್ಣಬಣ್ಣ ಮಾಡಿಸುವುದು ಎರಡು ಯುಗಾದಿಗಳಷ್ಟು ಮುಂದಕ್ಕೆ ಹೋಗಿತ್ತು. ಮನೆಯಲ್ಲಿ ಯಾರೂ ಒಮ್ಮೆಯಾದರೂ ದೇಶದ ಗಡಿ ದಾಟಿದವರಲ್ಲ. ಪ್ರವಾಸದ ಏಜೆಂಟರು ತೋರಿಸಿದ ಬಣ್ಣಬಣ್ಣದ ಕರಪತ್ರದಲ್ಲಿ ಮೂವರಿಗೆ ತಗಲುವ ವೆಚ್ಚ ಈ ಮೊತ್ತವನ್ನು ಸಲೀಸಾಗಿ ಮೀರಿತ್ತು. ಆದ್ದರಿಂದ ಸ್ವತಂತ್ರವಾಗಿಯೇ ಹೋಗಿಬರುವುದೆಂದು ನಿಶ್ಚಯವಾಯಿತು. ಲೆಕ್ಕ ತಪ್ಪಿದರೆ ಮತ್ತೆ ಇಂಥ ಗಂಟು ಕೂಡುವುದಕ್ಕೆ ಇನ್ನೆರಡು ವರ್ಷ ಬೇಕು; ಅಷ್ಟರಲ್ಲಿ ಮೇಷ್ಟರ ತಾಯಿಯವರ ಮಂಡಿಗಳು ಏನು ಹೇಳುತ್ತವೆಯೋ ಬಲ್ಲವರಾರು?

“ಅಮ್ಮ, ಲಂಕೆಗೆ ಹೋಗಿಬರೋಣವೇನಮ್ಮ?” ಎಂದು ಮಗ ಕೇಳಿದಾಗ ಆ ವೃದ್ಧೆ ನಕ್ಕುಬಿಟ್ಟರು. “ಲಂಕೆಗೇನೋ? ಬಾಲಕ್ಕೆ ಬೆಂಕಿ ಹಚ್ಚಿಸಿಕೊಂಡು ಬಂದವನ ಕಥೆಯೊಂದೇ ನನಗೆ ಗೊತ್ತಿರುವುದು” ಎಂದರು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಮಾತ್ರ, ಯಾರೂ ಕೇಳದಿದ್ದರೂ, “ಅಶೋಕವನ ಈಗಲೂ ಇದೆಯಂತೇನೋ?” ಎಂದು ವಿಚಾರಿಸಿದರು. ಅಲ್ಲಿಗೆ ಊರು ಗೊತ್ತಾಯಿತು.

ಮೊದಲ ಬಾರಿಗೆ ಸಮುದ್ರ ದಾಟುವ ಮಧ್ಯಮ ವರ್ಗದ ಕನ್ನಡಿಗರಿಗೆ ಶ್ರೀಲಂಕೆ ಹೊಂದುವ ನಾಡೇ ಸರಿ. ಬೆಂಗಳೂರಿನಿಂದ ಬೀದರಿಗೆ ರೈಲಿನಲ್ಲಿ ಹೋಗಲು ಒಂದು ರಾತ್ರಿ ಬೇಕು. ಕೊಲಂಬೊಗೆ ನೇರ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ದ್ವೀಪದ ವಿಸ್ತೀರ್ಣ 65,610 ಚದರ ಕಿಲೋಮೀಟರು, ಎಂದರೆ ಕರ್ನಾಟಕದ ಮೂರನೆಯ ಒಂದು ಪಾಲು. ಗಡಿಯಾರವನ್ನು ತಿರುಗಿಸಬೇಕಾಗಿಲ್ಲ, 2006ರಿಂದ ಎರಡೂ ದೇಶಗಳ ಕಾಲಮಾನ ಒಂದೇ. ಈಚಿನ ವರ್ಷಗಳಲ್ಲಿ ಭಾರತದ ಒಂದು ರೂಪಾಯಿಗೆ ಅಲ್ಲಿಯ ಮೂರಕ್ಕಿಂತ ಹೆಚ್ಚು ರೂಪಾಯಿ ಸಿಕ್ಕುತ್ತಿದೆ. ಇದನ್ನು ಕಂಡು ಹಿಗ್ಗುವ ಮೊದಲು, ಆ ರೂಪಾಯಿ ಹಾಗೆ ಕುಸಿದದ್ದು 2022ರಲ್ಲಿ ಆ ಜನ ಅನ್ನಕ್ಕೂ ಎಣ್ಣೆಗೂ ಸಾಲುಗಟ್ಟಿ ನಿಂತ ಸಂಕಟದ ಕಾಲದಲ್ಲಿ ಎಂಬುದನ್ನು ಪ್ರವಾಸಿ ಮರೆಯಲಾಗದು. ಮಾರುಕಟ್ಟೆಯಲ್ಲಿ ಚೌಕಾಸಿಗೆ ನಿಂತಾಗ ಅದು ನೆನಪಿಗೆ ಬಂದರೆ ಲೇಸು.

ಹಿಂದೊಮ್ಮೆ ಈ ಪ್ರಯಾಣ ಇನ್ನೂ ಅಗ್ಗವಾಗಿತ್ತು. 1914ರಿಂದ ಮದರಾಸಿನಲ್ಲೇ ಕೊಲಂಬೊಗೆ ಟಿಕೆಟ್ಟು ಪಡೆದು, ಧನುಷ್ಕೋಡಿಯವರೆಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ರೈಲು ಹೀಗೆ ಹೋಗಬಹುದಾಗಿತ್ತು. 1964ರ ಡಿಸೆಂಬರಿನ ಚಂಡಮಾರುತ ಧನುಷ್ಕೋಡಿಯನ್ನೇ ಒರೆಸಿಹಾಕಿತು. 2023ರ ಅಕ್ಟೋಬರಿನಲ್ಲಿ ನಾಗಪಟ್ಟಣದಿಂದ ಯಾಳ್ಪಾಣದ ಬಳಿಯ ಕಾಂಕೇಶನ್‌ತುರೈಗೆ ಹಡಗಿನ ಸೇವೆ ಮರಳಿ ಆರಂಭವಾದಾಗ ಮೇಷ್ಟರಿಗೆ ಬಲು ಆಸೆಯಾಯಿತು. ಆದರೆ ಸಮುದ್ರ ಕೆರಳಿದಾಗ ಆ ಸೇವೆ ನಿಲ್ಲುವುದುಂಟು. ಎಣಿಸಿದ ದಿನಗಳ ರಜೆಯವರಿಗೆ ಅದು ಒಗ್ಗುವ ದಾರಿಯಲ್ಲ.

ವಿದೇಶ ಪ್ರಯಾಣದ ಮೊದಲ ತೊಡಕು ಸಮುದ್ರವಲ್ಲ, ಹೆಸರು. ಕನ್ನಡ ನಾಡಿನಲ್ಲಿ ಮನುಷ್ಯನಿಗೆ ಹೆಸರು ಒಂದು, ಅದರ ಮುಂದೆ ಎರಡು ಅಕ್ಷರ. ಒಂದು ಊರಿನದು, ಇನ್ನೊಂದು ತಂದೆಯದು. ಪಾಸ್‌ಪೋರ್ಟಿನಲ್ಲಿ ಈ ಬಿಡಿ ಅಕ್ಷರಗಳಿಗೆ ಎಡೆಯಿಲ್ಲ. ಅವನ್ನು ಬಿಡಿಸಿ ಪೂರ್ಣವಾಗಿ ಬರೆಯಬೇಕು. ಶಾಲೆಯ ದಾಖಲೆಯಲ್ಲಿ ಅಕ್ಷರ, ಆಧಾರಿನಲ್ಲಿ ತಂದೆಯ ಹೆಸರು, ಬ್ಯಾಂಕಿನ ಪುಸ್ತಕದಲ್ಲಿ ಎರಡೂ ಇಲ್ಲ ಎಂಬಂಥ ಸ್ಥಿತಿಯಿದ್ದರೆ ಅರ್ಜಿ ಅಲ್ಲಿಯೇ ತಡೆಯುತ್ತದೆ. ಮೇಷ್ಟರ ತಾಯಿಯವರ ಸಂಗತಿ ಇನ್ನೂ ವಿಚಿತ್ರವಾಗಿತ್ತು. ಆಧಾರ್ ಚೀಟಿಯಲ್ಲಿ ಹೆಸರಿನ ಕೊನೆಗೆ ‘ಅಮ್ಮ’ ಇದೆ, ಮತದಾರರ ಚೀಟಿಯಲ್ಲಿ ಇಲ್ಲ. ಹುಟ್ಟಿದ ದಿನವೆಂದು ಒಂದರಲ್ಲಿ ಜನವರಿ 1 ಎಂದಿದೆ. ಅದು ಅವರು ಹುಟ್ಟಿದ ದಿನವಲ್ಲ, ಬರೆದುಕೊಂಡವರಿಗೆ ಅನುಕೂಲವಾದ ದಿನ. ಇವನ್ನೆಲ್ಲ ಒಂದು ದಾರಿಗೆ ತರುವುದರಲ್ಲಿ ಎರಡು ತಿಂಗಳು ಕಳೆದುವು. ಹೀಗಾಗಿ, ವಿದೇಶದ ಮಾತು ಮನೆಯಲ್ಲಿ ಮೊದಲು ಬಂದ ದಿನವೇ ದಾಖಲೆಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡುವುದು ಉಚಿತ. ವಿಮಾನದ ಟಿಕೆಟ್ಟಿನ ಮೇಲೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಇರತಕ್ಕದ್ದು. ಅಗ್ಗವಾಗಿ ದೊರೆಯಿತೆಂದು ಪಾಸ್‌ಪೋರ್ಟು ಬರುವ ಮುನ್ನವೇ ಟಿಕೆಟ್ಟು ಕೊಂಡು, ಆಮೇಲೆ ಹೆಸರು ಹೊಂದದೆ ಹಣ ಕಳೆದುಕೊಂಡವರು ಉಂಟು.

ಅರ್ಜಿಯ ಕೆಲಸವೇನೋ ಹಿಂದಿಗಿಂತ ಸುಲಭವಾಗಿದೆ. ಜಿಲ್ಲಾ ಕೇಂದ್ರಗಳ ಎಷ್ಟೋ ಅಂಚೆ ಕಚೇರಿಗಳಲ್ಲೇ ಪಾಸ್‌ಪೋರ್ಟ್ ಕೇಂದ್ರಗಳಿವೆ. ಮೂವತ್ತಾರು ಪುಟದ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಅರವತ್ತು ದಾಟಿದವರಿಗೆ ನೂರಕ್ಕೆ ಹತ್ತು ರಿಯಾಯಿತಿ. ಹೀಗೆ ಮೂವರಿಗೆ 4,350 ರೂಪಾಯಿ ಬಿದ್ದಿತು. ವಯಸ್ಕರಿಗೆ ಹತ್ತು ವರ್ಷ ಬಾಳುವ ಪುಸ್ತಕವಾದ್ದರಿಂದ ಅದನ್ನು ಒಂದೇ ಪ್ರವಾಸದ ಖರ್ಚಿಗೆ ಬರೆಯುವುದು ನ್ಯಾಯವಲ್ಲವೆಂದು ಮೇಷ್ಟರು ವಾದಿಸಿದರು. “ಕೈಬಿಟ್ಟು ಹೋದದ್ದು ಈ ವರ್ಷ ತಾನೆ?” ಎಂದು ಅವರ ಪತ್ನಿ ಬರೆದುಬಿಟ್ಟರು. ಸರ್ಕಾರಿ ನೌಕರಿಯವರಾದ್ದರಿಂದ ಇಲಾಖೆಯ ಪೂರ್ವಾನುಮತಿಗೂ ಒಂದು ಅರ್ಜಿ ಹೋಯಿತು.

ಇನ್ನು ಕಾಲ. ದ್ವೀಪಕ್ಕೆ ಎರಡು ಮಳೆಗಾಲ. ಮೇ ತಿಂಗಳ ಕೊನೆಯಿಂದ ಸೆಪ್ಟೆಂಬರಿನವರೆಗೆ ನೈಋತ್ಯದ ಮಳೆ ಕೊಲಂಬೊ ಮತ್ತು ಬೆಟ್ಟದ ಸೀಮೆಯನ್ನು ತೋಯಿಸಿದರೆ, ವರ್ಷದ ಕೊನೆಗೆ ಈಶಾನ್ಯದ ಮಳೆ ಪೂರ್ವದ ಕಡೆಯನ್ನು ಹಿಡಿಯುತ್ತದೆ. ದಸರಾ ರಜೆಯ ಹೊತ್ತಿಗೆ ಎರಡರ ನಡುವಣ ಗುಡುಗು ಮಳೆ. ಉಪಾಧ್ಯಾಯರಿಗೆ ಉಳಿದದ್ದು ಬೇಸಗೆಯ ರಜೆ. ಅದರಲ್ಲೂ ಏಪ್ರಿಲ್ 13, 14ರ ಸುಮಾರಿಗೆ ಸಿಂಹಳರಿಗೂ ತಮಿಳರಿಗೂ ಹೊಸ ವರ್ಷ. ಅಂಗಡಿಗಳು ಮುಚ್ಚಿರುತ್ತವೆ, ಬಸ್ಸುಗಳು ತುಂಬಿರುತ್ತವೆ. ಏಪ್ರಿಲಿನುದ್ದಕ್ಕೂ ತಂಪು ಬೆಟ್ಟವಾದ ನುವರ ಎಲಿಯದಲ್ಲಿ ಜಾತ್ರೆಯಂಥ ಸಂದಣಿ. ಕೋಣೆಗಳ ಬಾಡಿಗೆ ಏರಿ ಕುಳಿತಿರುತ್ತದೆ. ಆದಕಾರಣ ಮೇ ತಿಂಗಳ ಮೊದಲ ಭಾಗವೆಂದು ಗೊತ್ತಾಯಿತು. ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ಪ್ರತಿ ಹುಣ್ಣಿಮೆಯೂ ಆ ದೇಶದಲ್ಲಿ ‘ಪೋಯ’ ಎಂಬ ಸಾರ್ವತ್ರಿಕ ರಜೆ. ವೈಶಾಖದ ಹುಣ್ಣಿಮೆಯಂತೂ ಬುದ್ಧನ ಹಬ್ಬ. ಬೀದಿಯ ದೀಪಾಲಂಕಾರ ನೋಡಲು ಚೆಂದ, ವಸತಿ ಮಾತ್ರ ದುರ್ಲಭ. ಯಾವ ದಿನ ಹುಣ್ಣಿಮೆಯೆಂದು ಹುಡುಕಲು ಮೇಷ್ಟರು ಫೋನು ತೆಗೆಯುವಷ್ಟರಲ್ಲಿ ತಾಯಿಯವರು ಪಂಚಾಂಗ ನೋಡಿ ಹೇಳಿಯಾಗಿತ್ತು.

ಎರಡನೆಯ ಪುಟದಲ್ಲಿ ಮೇಷ್ಟರು ತಮ್ಮ ಯೋಜನೆಯನ್ನು ಬರೆದರು. ಹತ್ತು ರಾತ್ರಿ, ಅನುರಾಧಪುರ, ಯಾಳ್ಪಾಣ, ಸಿಗಿರಿಯ, ಕ್ಯಾಂಡಿ, ನುವರ ಎಲಿಯ, ಗಾಲೆಯ ಕೋಟೆ, ಒಂದನ್ನೂ ಬಿಟ್ಟಿರಲಿಲ್ಲ. ವಿಮಾನಕ್ಕೆ 54,000, ವಸತಿಗೆ 25,000, ಊಟಕ್ಕೆ 16,500, ಓಡಾಟಕ್ಕೆ 12,000, ಪ್ರವೇಶ ಶುಲ್ಕಗಳಿಗೆ 12,000, ವಿಮೆಗೆ 3,000, ಪಾಸ್‌ಪೋರ್ಟು ಸೇರಿ ಒಟ್ಟು 1,26,850. ಕೂಡುವ ಲೆಕ್ಕ ಸರಿಯಾಗಿಯೇ ಇತ್ತು. ಪತ್ನಿ ಪುಸ್ತಕವನ್ನು ತಿರುಗಿಸಿ ನೋಡಿ ಒಂದೇ ಪ್ರಶ್ನೆ ಕೇಳಿದರು:

“ರೀ, ಉಳಿಯುವುದು 1,150. ಪರದೇಶದಲ್ಲಿ ಅತ್ತೆಗೆ ಒಂದು ಜ್ವರ ಬಂದರೆ?”

ಮೇಷ್ಟರು ಉತ್ತರ ಹೇಳಲಿಲ್ಲ. ಆ ರಾತ್ರಿ ಯಾಳ್ಪಾಣ ಹೋಯಿತು. ಮರುದಿನ ಗಾಲೆಯೂ ಅನುರಾಧಪುರವೂ ಹೋದುವು. ಹೊಸ ಪುಟದಲ್ಲಿ ಏಳು ರಾತ್ರಿ ಮಾತ್ರ: ವಿಮಾನ ನಿಲ್ದಾಣಕ್ಕೆ ಹತ್ತಿರದ ನೆಗೊಂಬೊದಲ್ಲಿ ಒಂದು, ಸಿಗಿರಿಯದ ಬಳಿ ಮೂರು, ಕ್ಯಾಂಡಿಯಲ್ಲಿ ಎರಡು, ನುವರ ಎಲಿಯದಲ್ಲಿ ಒಂದು. ವಸತಿ 17,500ಕ್ಕೆ ಇಳಿಯಿತು, ಊಟ 12,000ಕ್ಕೆ, ಓಡಾಟ 8,000ಕ್ಕೆ, ಪ್ರವೇಶ ಶುಲ್ಕ 7,000ಕ್ಕೆ. ಒಟ್ಟು 1,05,850. ಉಳಿದ 22,150ರಲ್ಲಿ 15,000 ರೂಪಾಯಿಯ ಸುತ್ತ ಪತ್ನಿಯವರು ಕೆಂಪು ಶಾಯಿಯ ಗೆರೆ ಎಳೆದು, “ಇದನ್ನು ಮುಟ್ಟಕೂಡದು” ಎಂದು ಬರೆದರು. ಸ್ವತಂತ್ರ ಪ್ರವಾಸದ ಯೋಜನೆಯಲ್ಲಿ ಅತ್ಯಂತ ಕಠಿಣವಾದ ಕೆಲಸ ಊರುಗಳನ್ನು ಸೇರಿಸುವುದಲ್ಲ, ಕಳೆಯುವುದು. ಊರು ಬದಲಾದ ದಿನವೆಲ್ಲ ಖರ್ಚಿನ ದಿನ, ಆಯಾಸದ ದಿನ. ಒಂದೇ ಊರಿನಲ್ಲಿ ಮೂರು ರಾತ್ರಿ ನಿಂತವರಿಗೆ ಆಟೋದವರ ದರವೂ ತಿಳಿಯುತ್ತದೆ, ಒಳ್ಳೆಯ ಊಟದ ಮನೆಯೂ ಸಿಕ್ಕುತ್ತದೆ.

ಹಣ ಉಳಿಯುವ ದಾರಿಗಳು ಅಲ್ಲಿ ಇಲ್ಲದೆ ಇಲ್ಲ. ಕುಟುಂಬಗಳೇ ನಡೆಸುವ ಚಿಕ್ಕ ವಸತಿಗೃಹಗಳು ಎಲ್ಲೆಡೆಯೂ ಇವೆ. ಸರ್ಕಾರಿ ಕೆಂಪು ಬಸ್ಸುಗಳ ದರ ತೀರ ಕಡಮೆ. ವೇಗ ಮತ್ತು ನೂಕುನುಗ್ಗಲು ನಮ್ಮ ಬಸ್ಸುಗಳನ್ನು ಬಲ್ಲವರಿಗೆ ಹೊಸದಲ್ಲ. ಸಿಗಿರಿಯದಂಥ ಪ್ರಾಚೀನ ಸ್ಥಳಗಳಲ್ಲಿ ವಿದೇಶೀಯರಿಗೆ ಡಾಲರಿನ ಲೆಕ್ಕದಲ್ಲಿ ಭಾರಿ ಶುಲ್ಕವಿದೆಯಾದರೂ ಸಾರ್ಕ್ ದೇಶಗಳ ನಾಗರಿಕರಿಗೆ ರಿಯಾಯಿತಿ ಉಂಟು. ಟಿಕೆಟ್ಟಿನ ಕಿಟಕಿಯಲ್ಲಿ ಮೂಲ ಪಾಸ್‌ಪೋರ್ಟನ್ನೇ ತೋರಿಸಬೇಕು. ಅದನ್ನು ಭದ್ರವಾಗಿರಲೆಂದು ಕೋಣೆಯ ಪೆಟ್ಟಿಗೆಯಲ್ಲಿಟ್ಟು ಬಂದವರು ಪೂರ್ತಿ ಹಣ ತೆರಬೇಕಾದೀತು. ನಮ್ಮ ಯು.ಪಿ.ಐ. ಪಾವತಿ 2024ರ ಫೆಬ್ರವರಿಯಿಂದ ಅಲ್ಲಿಯೂ ಬಂದಿದೆಯಾದರೂ ಹಳ್ಳಿಯ ಅಂಗಡಿಯಲ್ಲಿ ನಗದೇ ನಡೆಯುವುದು. ವೀಸಾದ ನಿಯಮವೂ ಶುಲ್ಕವೂ ಈಚಿನ ವರ್ಷಗಳಲ್ಲಿ ಹಲವು ಸಲ ಬದಲಾಗಿವೆ. ಹೊರಡುವ ತಿಂಗಳಲ್ಲಿ ಆ ಸರ್ಕಾರದ ಅಧಿಕೃತ ತಾಣವನ್ನೇ ನೋಡಿ ಅರ್ಜಿ ಹಾಕಬೇಕು. ಅದರಂತೆಯೇ ಕಾಣುವ ಬೇರೆ ತಾಣಗಳು ಇಮ್ಮಡಿ ಹಣ ಕೀಳುತ್ತವೆ.

ಊಟದ ವಿಷಯದಲ್ಲಿ ಕನ್ನಡಿಗನಿಗೆ ಅಪರಿಚಿತವೆನ್ನುವಂಥದು ಕಡಮೆ. ಅನ್ನ, ಬೇಳೆ, ತೆಂಗಿನ ಹಾಲಿನ ಪಲ್ಯಗಳು, ‘ಆಪ್ಪ’ವೆಂಬ ದೋಸೆ, ‘ಇಂದಿಆಪ್ಪ’ವೆಂಬ ನಮ್ಮ ಒತ್ತು ಶಾವಿಗೆ, ಕಿತ್ತಳೆ ಬಣ್ಣದ ಎಳನೀರು. ಶಾಕಾಹಾರಿಗಳು ಮಾತ್ರ ಒಂದನ್ನು ಅರಿತಿರಬೇಕು. ‘ಪೊಲ್ ಸಂಬೊಲ’ವೆಂಬ ಕೆಂಪು ಕಾಯಿ ಚಟ್ನಿ ನೋಡಲು ನಿರ್ದೋಷಿ, ಅದರಲ್ಲಿ ಬಹಳ ಕಡೆ ಒಣಮೀನಿನ ಚೂರು ಬೆರೆತಿರುತ್ತದೆ. ಪಲ್ಯಗಳಿಗೂ ಅದನ್ನು ಉದುರಿಸುವುದುಂಟು. “ಮಾಂಸ ಬೇಡ” ಎಂದರೆ ಸಾಲದು, ಮೀನೂ ಬೇಡವೆಂದು ಬಿಡಿಸಿ ಹೇಳಬೇಕು. ತಮಿಳರ ‘ಸೈವ’ ಊಟದ ಮನೆಗಳಲ್ಲಿ ಈ ತಾಪತ್ರಯವಿಲ್ಲ.

ಬೆಟ್ಟದ ರೈಲಿನ ಮಾತು ಬೇರೆ. ಕ್ಯಾಂಡಿಯ ಕಡೆಯಿಂದ ಚಹದ ತೋಟಗಳ ನಡುವೆ ಏರುತ್ತ, ಪಟ್ಟಿಪೊಲ ನಿಲ್ದಾಣವನ್ನು ದಾಟಿ ಬದುಲ್ಲಕ್ಕೆ ಇಳಿಯುವ ಆ ಹಳಿ 1924ರಲ್ಲಿ ಪೂರ್ಣವಾಯಿತು. ಮುಂಗಡ ಟಿಕೆಟ್ಟುಗಳು ಬೇಗ ಮುಗಿಯುತ್ತವೆಂದು ಎಲ್ಲರೂ ಹೇಳುತ್ತಾರೆ. ಆದರೆ 2025ರ ನವೆಂಬರ್ ಕೊನೆಗೆ ಬೀಸಿದ ‘ದಿತ್ವಾ’ ಚಂಡಮಾರುತ ನೂರಾರು ಜನರನ್ನು ಬಲಿತೆಗೆದುಕೊಂಡು ಈ ಮಾರ್ಗವನ್ನೂ ಅಲ್ಲಲ್ಲಿ ಕೊಚ್ಚಿತು. ಯಾವ ನಿಲ್ದಾಣದಿಂದ ಯಾವ ನಿಲ್ದಾಣದವರೆಗೆ ಗಾಡಿ ಓಡುತ್ತಿದೆಯೆಂದು ಹೊರಡುವ ವಾರ ವಿಚಾರಿಸದೆ ಯೋಜನೆಯನ್ನು ಅದರ ಮೇಲೆ ಕಟ್ಟುವಂತಿಲ್ಲ. ಮೇಷ್ಟರು ಬಸ್ಸಿನ ದಾರಿಯನ್ನೇ ಬರೆದು, ಪಕ್ಕದಲ್ಲಿ ‘ರೈಲು ಸಿಕ್ಕಿದರೆ ಪುಣ್ಯ’ ಎಂದು ಟಿಪ್ಪಣಿ ಹಾಕಿದರು. ನುವರ ಎಲಿಯದಿಂದ ಕೆಲವೇ ಮೈಲಿ ದೂರದ ಸೀತಾ ಎಲಿಯದಲ್ಲಿ ಹಳ್ಳದ ದಂಡೆಗೆ ಸೀತಮ್ಮನ ಗುಡಿಯಿದೆ. ಅಶೋಕವನವೆಂದು ಭಕ್ತರು ನಂಬಿರುವುದು ಅದೇ ಎಡೆ. ಮೂರು ಯೋಜನೆಗಳಲ್ಲಿಯೂ ಯಾರ ಕತ್ತರಿಯೂ ತಾಗದೆ ಉಳಿದದ್ದು ಅದೊಂದೇ.

ಕೊನೆಗೆ ಉಳಿದ ಪ್ರಶ್ನೆ ಸಿಗಿರಿಯದ್ದು. ತಂದೆಯಾದ ಧಾತುಸೇನನನ್ನು ಕೊಲ್ಲಿಸಿ ಪಟ್ಟವೇರಿದ ಕಾಶ್ಯಪ, 477ರಿಂದ 495ರವರೆಗೆ ಆಳಿದವನು, ಈ ಹೆಬ್ಬಂಡೆಯ ನೆತ್ತಿಯಲ್ಲಿ ಅರಮನೆ ಕಟ್ಟಿದ. ನಡುದಾರಿಯಲ್ಲಿ ಅಪ್ಸರೆಯರಂಥ ಚಿತ್ರಗಳು. ಅವುಗಳ ಬಳಿಯ ಕನ್ನಡಿಯಂಥ ನುಣುಪು ಗೋಡೆಯ ಮೇಲೆ ಸಾವಿರ ವರ್ಷಗಳಿಗೂ ಹಿಂದೆ ಬಂದುಹೋದ ಪ್ರೇಕ್ಷಕರು ಗೀಚಿದ ಸಿಂಹಳ ಪದ್ಯಗಳು. ಅವುಗಳಲ್ಲಿ 685 ಪದ್ಯಗಳನ್ನು ವಿದ್ವಾಂಸ ಸೆನರತ್ ಪರಣವಿತಾನರು ಓದಿ 1956ರಲ್ಲಿ ಪ್ರಕಟಿಸಿದರು. ದಂಡಿಯ ಕಾವ್ಯಾದರ್ಶವನ್ನು ಆಧರಿಸಿ ಕನ್ನಡದಲ್ಲಿ ಕವಿರಾಜಮಾರ್ಗ ಹುಟ್ಟಿದ ಕಾಲದ ಸುಮಾರಿಗೇ ಸಿಂಹಳದಲ್ಲಿ ಅದೇ ಗ್ರಂಥವನ್ನು ಆಧರಿಸಿದ ‘ಸಿಯಬಸ್‌ಲಕರ’ ಹುಟ್ಟಿತೆಂಬುದನ್ನು ನೆನೆದರೆ ಆ ಗೋಡೆ ಕನ್ನಡಿಗರಿಗೆ ಪರಕೀಯವಾಗಿ ಕಾಣದು.

ಮೇಲಕ್ಕೆ ಮೆಟ್ಟಿಲುಗಳು ಸುಮಾರು 1,200. ತಾಯಿಯವರು ಹತ್ತುವ ಮಾತೇ ಇಲ್ಲ. ಅವರೊಬ್ಬರನ್ನೇ ಕೆಳಗೆ ಬಿಡುವ ಮಾತೂ ಇಲ್ಲ. ಮೇಷ್ಟರು ಸಿಗಿರಿಯದ ಬಗ್ಗೆ ಆರು ತಿಂಗಳಿನಿಂದ ಓದುತ್ತಿದ್ದವರು. ಆದರೂ ಆ ದಿನದ ಪುಟದಲ್ಲಿ ಅವರು ಬರೆದದ್ದು ಹೀಗೆ: “ಅಮ್ಮನೂ ನಾನೂ ಕೆಳಗಿನ ಕೊಳಗಳ ತೋಟದಲ್ಲಿ, ನೆರಳಲ್ಲಿ. ಮೇಲಕ್ಕೆ ಇವಳು.” ಪತ್ನಿ ಅದನ್ನು ಓದಿ, ಏನೂ ಹೇಳದೆ, ಖರ್ಚಿನ ಪಟ್ಟಿಯಲ್ಲಿ ಒಂದು ಜೊತೆ ಒಳ್ಳೆಯ ಬೂಟುಗಳನ್ನು ಸೇರಿಸಿದರು. ಮೂರು ಪಾಸ್‌ಪೋರ್ಟುಗಳೂ ಕೈಸೇರಿದ ಮೂರನೆಯ ದಿನ ಟಿಕೆಟ್ಟು ಕೊಂಡಾಯಿತು.