ಬಾಣ ಬಿಟ್ಟು ಅಕ್ಷರ ಹಿಡಿದ ಬೆರಳುಗಳು

ತಾಲೂಕು ಊರುಗಳ ಟೈಪಿಂಗ್ ಶಾಲೆಗೆ ಹೋದವರಿಗೆಲ್ಲ ಮೊದಲ ಪಾಠ ಒಂದೇ. ಎಡಗೈಯ ನಾಲ್ಕು ಬೆರಳು ಎ, ಎಸ್, ಡಿ, ಎಫ್ ಕೀಲಿಗಳ ಮೇಲಿರಬೇಕು. ಬೇರೆ ಅಕ್ಷರ ಒತ್ತಲು ಹೊರಟ ಬೆರಳು ಕೆಲಸ ಮುಗಿಸಿ ಮತ್ತೆ ಅಲ್ಲಿಗೇ ಮರಳಬೇಕು. ಚಿಕ್ಕೋಡಿ, ನಿಪ್ಪಾಣಿ, ಗೋಕಾಕದಂಥ ಊರುಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿ ನೌಕರಿ ಹಿಡಿದವರ ಬೆರಳುಗಳು ಈ ಪಾಠವನ್ನು ನಿವೃತ್ತಿಯ ನಂತರವೂ ಮರೆಯುವುದಿಲ್ಲ.

ಅಂಥ ಮನೆಯ ಮಕ್ಕಳು ಕಂಪ್ಯೂಟರಿನ ಮುಂದೆ ಆಟಕ್ಕೆ ಕುಳಿತರೆ ಅವರ ಎಡಗೈ ಹೋಗುವುದೂ ಕೀಲಿಮಣೆಯ ಅದೇ ಮೂಲೆಗೆ. ಆದರೆ ಅಲ್ಲಿ ಅರ್ಜಿ ಬೆರಳಚ್ಚಾಗುವುದಿಲ್ಲ. ಡಬ್ಲ್ಯು ಒತ್ತಿದರೆ ಪರದೆಯ ಮೇಲಿನ ಮನುಷ್ಯ ಮುಂದೆ ನಡೆಯುತ್ತಾನೆ, ಎಸ್ ಒತ್ತಿದರೆ ಹಿಂದೆ ಸರಿಯುತ್ತಾನೆ, ಎ ಎಡಕ್ಕೆ, ಡಿ ಬಲಕ್ಕೆ. ಇದನ್ನು ನೋಡಿದ ಹಿರಿಯರಿಗೆ ಒಂದು ಪ್ರಶ್ನೆ ಏಳುವುದು ಸಹಜ. ದಿಕ್ಕು ತೋರಿಸಲೆಂದೇ ಕೀಲಿಮಣೆಯಲ್ಲಿ ನಾಲ್ಕು ಬಾಣದ ಕೀಲಿಗಳಿವೆ. ಕಣ್ಣಿಗೆ ಕಾಣುವ ಬಾಣವನ್ನು ಬಿಟ್ಟು, ದಿಕ್ಕಿಗೂ ತನಗೂ ಸಂಬಂಧವೇ ಇಲ್ಲದ ಈ ನಾಲ್ಕು ಅಕ್ಷರಗಳನ್ನು ಆಟಗಾರರು ಹಿಡಿದದ್ದೇಕೆ?

ಬಾಣಗಳಿಲ್ಲದ ಕಾಲ

ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1962ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ‘ಸ್ಪೇಸ್‌ವಾರ್’ ಎಂಬ ಆಟ ತಯಾರಾಯಿತು. ಗಣಕದ ಆದಿ ಆಟಗಳಲ್ಲಿ ಅದೂ ಒಂದು. ಅದನ್ನು ಆಡಲು ಯಂತ್ರದ ಮುಂಭಾಗದ ಸ್ವಿಚ್ಚುಗಳನ್ನೇ ಮೇಲೆ ಕೆಳಗೆ ಮಾಡಬೇಕಿತ್ತು. ಮೊಣಕೈ ನೋಯತೊಡಗಿದಾಗ ಆಡುವವರೇ ಪ್ರತ್ಯೇಕ ಪೆಟ್ಟಿಗೆಗಳನ್ನು ಮಾಡಿಕೊಂಡರು. ಕೈಗೆ ಒಗ್ಗದ ಯಂತ್ರವನ್ನು ಕೈಗೆ ಒಗ್ಗಿಸಿಕೊಳ್ಳುವ ಕೆಲಸ ಆಗಲೇ ಶುರುವಾಗಿತ್ತು.

ಮುಂದೆ ಕೀಲಿಮಣೆಗಳು ಬಂದವು. ಆದರೆ ನಾಲ್ಕು ದಿಕ್ಕಿನ ಬಾಣಗಳು ಎಲ್ಲದರಲ್ಲೂ ಇರಲಿಲ್ಲ. 1976ರ ಎಡಿಎಂ-3ಎ ಎಂಬ ಟರ್ಮಿನಲ್‌ನಲ್ಲಿ ಬಾಣಗಳನ್ನು ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೆಯೇ ಮುದ್ರಿಸಿದ್ದರು. ಹೀಗಾಗಿ 1980ರ ಸುಮಾರಿಗೆ ಬಂದ ‘ರೋಗ್’ ಎಂಬ ಆಟದಲ್ಲಿ ಜನ ಈ ಅಕ್ಷರಗಳಿಂದಲೇ ನೆಲಮಾಳಿಗೆಗಳಲ್ಲಿ ಅಲೆದರು. 1977ರ ಆಪಲ್-2 ಗಣಕದಲ್ಲಿ ಇದ್ದದ್ದು ಎಡ ಮತ್ತು ಬಲದ ಬಾಣ ಮಾತ್ರ. ಮೇಲೆ ಕೆಳಗೆ ಹೋಗಲು ಬೇರೆ ಅಕ್ಷರಗಳನ್ನು ಆಶ್ರಯಿಸಬೇಕು. ಬ್ರಿಟನ್ನಿನಲ್ಲಿ 1982ರಲ್ಲಿ ಬಂದ ಅಗ್ಗದ ಸಿಂಕ್ಲೇರ್ ಸ್ಪೆಕ್ಟ್ರಮ್ ಗಣಕದ ಆಟಗಾರರದು ಇನ್ನೊಂದು ಪದ್ಧತಿ. ಎಡಗೈಯಲ್ಲಿ ಕ್ಯೂ ಮತ್ತು ಎ ಒತ್ತಿದರೆ ಮೇಲೆ ಕೆಳಗೆ, ಬಲಗೈಯಲ್ಲಿ ಒ ಮತ್ತು ಪಿ ಒತ್ತಿದರೆ ಎಡ ಬಲ.

ಒಂದು ಗಣಕದಲ್ಲಿ ಪಳಗಿದವನು ಇನ್ನೊಂದರ ಮುಂದೆ ಕುಳಿತರೆ ಹೊಸಬನೇ. ಊರಿಗೊಂದು ಅಳತೆಯ ಸೇರು ಇದ್ದ ಕಾಲದ ಸಂತೆಯಂತೆ ಇತ್ತು ಆ ವ್ಯವಸ್ಥೆ.

ತಲೆಕೆಳಗಾದ ‘ಟಿ’

1981ರಲ್ಲಿ ಐ.ಬಿ.ಎಂ. ಕಂಪನಿಯ ಪಿ.ಸಿ. ಬಂದಾಗ ಬಾಣಗಳು ಬಲಬದಿಯ ಅಂಕಿಗಳ ಮೇಲೆ ಕುಳಿತಿದ್ದವು. 1982ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ತನ್ನ ಎಲ್‌ಕೆ-201 ಕೀಲಿಮಣೆಯಲ್ಲಿ ನಾಲ್ಕು ಬಾಣಗಳನ್ನು ಬೇರೆಯಾಗಿ ಜೋಡಿಸಿತು. ಕೆಳಗಿನ ಸಾಲಿನಲ್ಲಿ ಮೂರು, ಅವುಗಳ ನಡುವಿನದರ ಮೇಲೆ ಒಂದು, ನೋಡಲು ತಲೆಕೆಳಗಾದ ಇಂಗ್ಲಿಷ್ ‘ಟಿ’. 1986ರ ಹೊತ್ತಿಗೆ ಐ.ಬಿ.ಎಂ. ಕೂಡ 101 ಕೀಲಿಗಳ ತನ್ನ ಹೊಸ ಕೀಲಿಮಣೆಯಲ್ಲಿ ಇದನ್ನೇ ಅನುಸರಿಸಿತು. ನಂತರ ಜಗತ್ತೇ ಅನುಸರಿಸಿತು.

ಈ ಜೋಡಣೆಯ ಗುಣ ಬೆರಳಿಟ್ಟು ನೋಡಿದರೆ ತಿಳಿಯುತ್ತದೆ. ಅಕ್ಕಪಕ್ಕದ ಎರಡು ಬೆರಳು ಎಡ ಬಲಗಳ ಮೇಲೆ ಕದಲದೆ ಕೂರುತ್ತವೆ. ನಡುಬೆರಳು ಮಾತ್ರ ಮೇಲೆ ಕೆಳಗೆ ಓಡಾಡುತ್ತದೆ. ಕಣ್ಣು ಪರದೆ ಬಿಟ್ಟು ಕೆಳಗೆ ನೋಡುವ ಅಗತ್ಯವಿಲ್ಲ. 1993ರ ಡಿಸೆಂಬರಿನಲ್ಲಿ ‘ಡೂಮ್’ ಎಂಬ ಆಟ ಬಂದು ಮನೆ, ಕಾಲೇಜು, ಕಚೇರಿಗಳನ್ನೆಲ್ಲ ಹೊಕ್ಕಾಗ ಹೆಚ್ಚಿನವರು ಅದನ್ನು ಆಡಿದ್ದು ಈ ಬಾಣಗಳಿಂದಲೇ.

ಮೌಸ್ ಬಂತು, ಕೈ ಬದಲಾಯಿತು

ಬಾಣದ ರಾಜ್ಯ ಹೆಚ್ಚು ಕಾಲ ನಡೆಯಲಿಲ್ಲ. ಡೂಮ್‌ನಲ್ಲಿ ಎಡದ ಬಾಣ ಒತ್ತಿದರೆ ಮನುಷ್ಯ ಎಡಕ್ಕೆ ನಡೆಯುತ್ತಿರಲಿಲ್ಲ, ನಿಂತಲ್ಲೇ ಎಡಕ್ಕೆ ತಿರುಗುತ್ತಿದ್ದ. ಮುಖ ತಿರುಗಿಸದೆ ಪಕ್ಕಕ್ಕೆ ಸರಿಯಲು ಇನ್ನೊಂದು ಕೀಲಿಯನ್ನು ಜೊತೆಗೆ ಹಿಡಿಯಬೇಕು. ಕಬಡ್ಡಿ ಆಡಿದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಎದುರಾಳಿಯ ಮೇಲೆ ಕಣ್ಣಿಟ್ಟುಕೊಂಡೇ ಅಡ್ಡಕ್ಕೆ ಸರಿಯುವವನು ಉಳಿಯುತ್ತಾನೆ. ಮುಖ ತಿರುಗಿಸಿ ಓಡುವವನು ಸಿಕ್ಕಿಬೀಳುತ್ತಾನೆ.

1996ರ ಜೂನ್ ತಿಂಗಳಲ್ಲಿ ಬಂದ ‘ಕ್ವೇಕ್’ ಆಟದಲ್ಲಿ ಎದುರಾಳಿ ಮೇಲಿನ ಅಟ್ಟದಲ್ಲೂ ಇರಬಹುದು, ಕೆಳಗಿನ ಹೊಂಡದಲ್ಲೂ ಇರಬಹುದು. ಹಾಗಾಗಿ ನೋಟವನ್ನು ಎಲ್ಲ ಕಡೆ ಹೊರಳಿಸಬೇಕು. ಈ ಕೆಲಸಕ್ಕೆ ಮೌಸ್‌ನಷ್ಟು ಚುರುಕು ಬೇರೆ ಯಾವುದೂ ಇರಲಿಲ್ಲ. ಬಲಗೈ ಮೌಸ್ ಹಿಡಿಯಿತು ಎಂದ ಕೂಡಲೇ ನಡಿಗೆಯ ಹೊಣೆ ಎಡಗೈಗೆ ಬಂತು. ಬಾಣದ ಕೀಲಿಗಳಿರುವುದು ಬಲಬದಿಗೆ, ಮೌಸ್‌ನ ಪಕ್ಕದಲ್ಲೇ. ಎಡಗೈ ಅಲ್ಲಿಗೆ ಹೋದರೆ ಎರಡೂ ಕೈ ಒಂದೇ ಕಡೆ ಇಕ್ಕಟ್ಟಿಗೆ ಸಿಲುಕಿ ಭುಜ ಸೊಟ್ಟಗಾಗುತ್ತದೆ. ಅಲ್ಲದೆ ಬಾಣಗಳ ಸುತ್ತ ಬೇರೆ ಕೀಲಿಗಳು ಕಡಿಮೆ.

ಆಟಗಾರರು ಮಾಡಿದ್ದು ಇಷ್ಟೇ. ತಲೆಕೆಳಗಾದ ‘ಟಿ’ಯನ್ನು ಹಾಗೆಯೇ ಎತ್ತಿ ಎಡಬದಿಗೆ ಇಟ್ಟುಕೊಂಡರು. ಎ, ಎಸ್, ಡಿ ಒಂದು ಸಾಲು, ಅದರ ಮೇಲೆ ಡಬ್ಲ್ಯು. ಹೆಬ್ಬೆರಳಿನ ಕೆಳಗೆ ಉದ್ದನೆಯ ಸ್ಪೇಸ್ ಕೀಲಿ, ಅದು ಜಿಗಿಯಲು. ಕಿರುಬೆರಳಿನ ಬಳಿ ಶಿಫ್ಟ್, ಕಂಟ್ರೋಲ್. ಮೇಲೆ ಕೈಗೆಟಕುವಂತೆ 1, 2, 3, 4. ಟೈಪಿಂಗ್ ಶಾಲೆಯ ಸಾಲಿಗೂ ಇದಕ್ಕೂ ಅಂತರ ಬಹಳವಿಲ್ಲ. ಉಂಗುರದ ಬೆರಳು ಎಸ್ ಬಿಟ್ಟು ಪಕ್ಕದ ಎ ಮೇಲೆ ಕುಳಿತಿತು, ಉಳಿದವೂ ಅದರ ಹಿಂದೆ ಒಂದೊಂದು ಮನೆ ಸರಿದವು.

ಇದನ್ನು ಒಬ್ಬನೇ ಕಂಡುಹಿಡಿದ ಎನ್ನಲಾಗದು. ಬೇರೆ ಬೇರೆ ಕಡೆ ಹಲವರು ತಮ್ಮ ತಮ್ಮ ದಾರಿಯಲ್ಲಿ ಇಲ್ಲಿಗೆ ತಲುಪಿದ್ದರು. ಆದರೆ ಇದಕ್ಕೆ ಕೀರ್ತಿ ತಂದವನು ಡೆನ್ನಿಸ್ ಫಾಂಗ್ ಎಂಬ ಅಮೆರಿಕದ ತರುಣ, ಆಟದ ಲೋಕದಲ್ಲಿ ‘ಥ್ರೆಶ್’ ಎಂದು ಹೆಸರಾದವನು. 1997ರಲ್ಲಿ ನಡೆದ ಕ್ವೇಕ್ ಪಂದ್ಯಾವಳಿಯಲ್ಲಿ ಆಟದ ನಿರ್ಮಾತೃಗಳಲ್ಲೊಬ್ಬರಾದ ಜಾನ್ ಕಾರ್ಮಾಕ್ ತಮ್ಮ ಕೆಂಪು ಫೆರಾರಿ ಕಾರನ್ನೇ ಬಹುಮಾನವಾಗಿ ಇಟ್ಟಿದ್ದರು. ಕಾರು ಥ್ರೆಶ್ ಪಾಲಾಯಿತು. ಗೆದ್ದವನ ಬೆರಳು ಎಲ್ಲಿತ್ತೆಂದು ಎಲ್ಲರೂ ಕೇಳತೊಡಗಿದರು. 1998ರ ನವೆಂಬರಿನಲ್ಲಿ ಬಂದ ‘ಹಾಫ್-ಲೈಫ್’ ಆಟ ಈ ನಾಲ್ಕು ಅಕ್ಷರಗಳನ್ನೇ ಮೂಲ ಜೋಡಣೆಯಾಗಿ ಇಟ್ಟುಕೊಂಡು ಮಾರುಕಟ್ಟೆಗೆ ಬಂತು. ಅದರಿಂದ ಹುಟ್ಟಿದ ‘ಕೌಂಟರ್-ಸ್ಟ್ರೈಕ್’ ಮುಂದಿನ ವರ್ಷಗಳಲ್ಲಿ ಬೆಂಗಳೂರಿನಿಂದ ಹಿಡಿದು ಜಿಲ್ಲಾ ಊರುಗಳವರೆಗೆ ಸೈಬರ್ ಕೆಫೆಗಳನ್ನು ತುಂಬಿತು. ಗಂಟೆಗಿಷ್ಟು ಎಂದು ಹಣ ಕೊಟ್ಟು ಆಡುವಲ್ಲಿ ತನ್ನದೇ ಜೋಡಣೆ ಮಾಡಿಕೊಳ್ಳುತ್ತ ಕೂರಲು ಯಾರಿಗೆ ಪುರಸೊತ್ತು? ಯಂತ್ರದಲ್ಲಿ ಇದ್ದದ್ದನ್ನೇ ಎಲ್ಲರೂ ಕಲಿತರು.

ಬೆರಳಿನ ನೆನಪು

ಕಲಿತರು ಎಂದು ಹೇಳಿದಷ್ಟು ಸುಲಭವಾಗಿರಲಿಲ್ಲ ಈ ಕಲಿಕೆ. ಹಳೆಯ ಬುಲೆಟ್ ಮೋಟಾರ್ ಸೈಕಲ್ ಓಡಿಸಿದವರನ್ನು ಕೇಳಬೇಕು. ಅದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಅದನ್ನು ಬಿಟ್ಟು ಬೇರೆ ಗಾಡಿ ಹತ್ತಿದವರು ಮೊದಲ ದಿನಗಳಲ್ಲಿ ಬ್ರೇಕು ಎಂದು ಗೇರು ತುಳಿಯುತ್ತಿದ್ದರು. ತಲೆಗೆ ವಿಷಯ ಗೊತ್ತಿದೆ, ಕಾಲಿಗೆ ಗೊತ್ತಿಲ್ಲ.

ತಲೆಯ ನೆನಪು ಬೇರೆ, ಕೈಕಾಲಿನ ನೆನಪು ಬೇರೆ ಎಂಬುದು ಬರಿಯ ಮಾತಲ್ಲ. ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ಹೊಸದೇನನ್ನೂ ನೆನಪಿಡಲಾಗದ ಒಬ್ಬ ರೋಗಿಗೆ ಬ್ರೆಂಡಾ ಮಿಲ್ನರ್ ಎಂಬ ವಿಜ್ಞಾನಿ ಕನ್ನಡಿಯಲ್ಲಿ ನೋಡಿ ನಕ್ಷತ್ರ ಬಿಡಿಸಲು ಹೇಳಿದರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಹಿಂದಿನ ದಿನ ಅದನ್ನು ಮಾಡಿದ್ದೇ ಅವನಿಗೆ ನೆನಪಿರಲಿಲ್ಲ. 1962ರಲ್ಲಿ ಪ್ರಕಟವಾದ ಈ ಸಂಗತಿ ನೆನಪಿನ ಅಧ್ಯಯನದ ದಾರಿಯನ್ನೇ ಬದಲಿಸಿತು. ಬಾಣ ಬಿಟ್ಟು ಅಕ್ಷರಕ್ಕೆ ಬಂದ ಆಟಗಾರನೂ ಹೊಸ ಜೋಡಣೆಯನ್ನು ಬಾಯಿಪಾಠ ಮಾಡಿ ಪಾರಾಗುವಂತಿರಲಿಲ್ಲ. ಸೋಲುತ್ತ ಸೋಲುತ್ತಲೇ ಬೆರಳಿಗೆ ಕಲಿಸಬೇಕಿತ್ತು.

ಈ ಬದಲಾವಣೆ ಎಲ್ಲರಿಗೂ ಒಗ್ಗಲೂ ಇಲ್ಲ. ಎಡಗೈಯಲ್ಲಿ ಮೌಸ್ ಹಿಡಿಯುವವರಿಗೆ ಬಲಬದಿಯ ಬಾಣಗಳೇ ಅನುಕೂಲ. ಫ್ರಾನ್ಸ್ ದೇಶದ ಕೀಲಿಮಣೆಯಲ್ಲಿ ಎ ಮತ್ತು ಕ್ಯೂ, ಡಬ್ಲ್ಯು ಮತ್ತು ಝಡ್ ಅದಲುಬದಲಾಗಿವೆ. ಆದ್ದರಿಂದ ಅಲ್ಲಿನವರು ನಡೆಯುವುದು ಝಡ್, ಕ್ಯೂ, ಎಸ್, ಡಿ ಒತ್ತಿ. ಅಕ್ಷರ ಬೇರೆಯಾದರೂ ಬೆರಳಿನ ಜಾಗ ಅದೇ.

ಅಕ್ಷರವಲ್ಲ, ಜಾಗ

ಇಲ್ಲೇ ಇಡೀ ಕಥೆಯ ಒಳಗುಟ್ಟು ಇದೆ. ಕೀಲಿ ಒತ್ತಿದಾಗ ಕೀಲಿಮಣೆಯು ಗಣಕಕ್ಕೆ ಅಕ್ಷರವನ್ನು ಕಳಿಸುವುದಿಲ್ಲ. ‘ಇಂಥ ಜಾಗದ ಕೀಲಿ ಒತ್ತಲಾಯಿತು’ ಎಂದು ಒಂದು ಸಂಖ್ಯೆಯನ್ನು ಕಳಿಸುತ್ತದೆ, ಅಷ್ಟೇ. ಆ ಜಾಗಕ್ಕೆ ಇಂಗ್ಲಿಷ್ ಅಕ್ಷರವೋ, ಕನ್ನಡ ಅಕ್ಷರವೋ, ಒಂದು ಹೆಜ್ಜೆಯೋ ಎಂದು ತೀರ್ಮಾನಿಸುವುದು ಒಳಗಿನ ತಂತ್ರಾಂಶ. ಆಟದ ನಡಿಗೆಯನ್ನು ಯಾವ ಕೀಲಿಗೆ ಬೇಕಾದರೂ ಕೊಡಬಹುದಾದದ್ದು ಇದರಿಂದ. ಇಂಗ್ಲಿಷ್ ಕೀಲಿಮಣೆಯಲ್ಲಿ ಕನ್ನಡ ಮೂಡುವುದೂ ಇದರಿಂದಲೇ.

ಕನ್ನಡದ ಬೆರಳುಗಳಿಗೂ ಇಂಥದ್ದೇ ಬದಲಾವಣೆಯ ಕಾಲ ಬಂದಿತ್ತು. ಅನಂತ ಸುಬ್ಬರಾವ್ ಅವರ ವಿನ್ಯಾಸದ ಕನ್ನಡ ಬೆರಳಚ್ಚು ಯಂತ್ರದಲ್ಲಿ ಪಳಗಿದವರು ಅಕ್ಷರದ ಆಕಾರವನ್ನು ತುಂಡು ತುಂಡಾಗಿ ಒತ್ತಿ ಕೂಡಿಸುತ್ತಿದ್ದರು. ಗಣಕ ಬಂದಾಗ ಆಕಾರದ ಬದಲು ಉಚ್ಚಾರದ ಕ್ರಮದಲ್ಲಿ ಒತ್ತುವ ಪದ್ಧತಿ ಬಂತು. ಒಂದು, ಭಾರತದ ಹಲವು ಲಿಪಿಗಳಿಗೆ ಸಮಾನವಾದ, 1991ರ ಭಾರತೀಯ ಮಾನಕದಲ್ಲಿ ಸೇರಿದ ಇನ್‌ಸ್ಕ್ರಿಪ್ಟ್. ಇನ್ನೊಂದು, ಕೆ.ಪಿ. ರಾವ್ ರೂಪಿಸಿದ, ರಾಜ್ಯ ಸರಕಾರ ಒಪ್ಪಿಕೊಂಡ, ‘ನುಡಿ’ ತಂತ್ರಾಂಶದ ಮೂಲಕ ಕಚೇರಿಗಳಿಗೆಲ್ಲ ಹಬ್ಬಿದ ವಿನ್ಯಾಸ.

ಚಿಕ್ಕೋಡಿ ತಾಲೂಕಿನ ‘ಕಬ್ಬೂರ’ ಎಂಬ ಊರ ಹೆಸರನ್ನೇ ನೋಡಿ. ಕೆ.ಪಿ. ರಾವ್ ವಿನ್ಯಾಸದಲ್ಲಿ ಕೆ, ಬಿ, ಎಫ್, ಬಿ, ಶಿಫ್ಟ್ ಹಿಡಿದು ಯು, ಆರ್. ನಡುವಿನ ಎಫ್ ಒತ್ತಕ್ಷರ ಕೂಡಿಸುವ ಕೊಂಡಿ. ಇನ್‌ಸ್ಕ್ರಿಪ್ಟ್‌ನಲ್ಲಿ ಅದೇ ಹೆಸರು ಕೆ, ವೈ, ಡಿ, ವೈ, ಟಿ, ಜೆ. ಮೊದಲನೆಯದು ಇಂಗ್ಲಿಷ್ ಬಲ್ಲವರಿಗೆ ಬೇಗ ಹತ್ತುತ್ತದೆ. ಎರಡನೆಯದಕ್ಕೆ ಇನ್ನೊಂದು ಗುಣವಿದೆ. ಅದರಲ್ಲಿ ಕನ್ನಡದ ‘ಕ’ ಇರುವ ಜಾಗದಲ್ಲೇ ಮರಾಠಿಯ ‘ಕ’ ಕೂಡ ಇದೆ. ನಿಪ್ಪಾಣಿ, ಕಾಗವಾಡ, ಅಥಣಿಯಂಥ ಗಡಿ ಊರುಗಳಲ್ಲಿ ಎರಡೂ ಭಾಷೆಯ ಕೆಲಸ ಮಾಡುವವರಿಗೆ ಇದು ಸಣ್ಣ ಉಪಕಾರವಲ್ಲ. ಆಟಗಾರನ ನಾಲ್ಕು ಕೀಲಿಗಳೇ ಕೆ.ಪಿ. ರಾವ್ ವಿನ್ಯಾಸದಲ್ಲಿ ಡ, ಅ, ಸ, ದ ಆಗುತ್ತವೆ. ಇನ್‌ಸ್ಕ್ರಿಪ್ಟ್‌ನಲ್ಲಿ ಐತ್ವ, ಓತ್ವ, ಏತ್ವ ಮತ್ತು ಅರ್ಧಾಕ್ಷರದ ಚಿಹ್ನೆ ಆಗುತ್ತವೆ.

ಬದಲಾವಣೆಯ ಬೆಲೆ ಯಾರದು?

ಆಟಗಾರನಿಗೂ ಬೆರಳಚ್ಚುಗಾರನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಆಟಗಾರ ಸೋತರೆ ಮತ್ತೊಮ್ಮೆ ಆಡುತ್ತಾನೆ. ಇಪ್ಪತ್ತು ವರ್ಷ ಒಂದು ವಿನ್ಯಾಸದಲ್ಲಿ ದುಡಿದ ಬೆರಳಿಗೆ ಒಂದು ಬೆಳಿಗ್ಗೆ ಹೊಸ ವಿನ್ಯಾಸ ಕೊಟ್ಟರೆ ಹೋಗುವುದು ವೇಗ, ಅದರೊಂದಿಗೆ ಆತ್ಮವಿಶ್ವಾಸ, ಕೆಲವೊಮ್ಮೆ ಅನ್ನ. ನಿನ್ನೆಯವರೆಗೆ ಕಚೇರಿಗೆಲ್ಲ ಬೇಕಾಗಿದ್ದ ಕೈ ಇಂದು ಒಂದೊಂದೇ ಅಕ್ಷರ ಹುಡುಕುತ್ತ ಕೂರಬೇಕಾಗುತ್ತದೆ. ಹೊಸ ವಿನ್ಯಾಸ ಎಷ್ಟೇ ಉತ್ತಮವಾಗಿದ್ದರೂ ಅದನ್ನು ಕಲಿಯುವ ಬೆಲೆ ತೆರುವುದು ಹಳೆಯ ಬೆರಳು.

ಆಟದ ತಯಾರಕರು ಈ ಸಮಸ್ಯೆಗೆ ಕಂಡುಕೊಂಡ ಪರಿಹಾರ ಸರಳವಾದದ್ದು. ಒಂದು ಮೂಲ ಜೋಡಣೆ ಇರಲಿ, ಹೊಸಬರು ಅದನ್ನೇ ಕಲಿಯಲಿ. ಆದರೆ ಬೇಕಾದವರು ತಮ್ಮ ಕೀಲಿಗಳನ್ನು ಬದಲಿಸಿಕೊಳ್ಳುವ ಬಾಗಿಲು ತೆರೆದಿರಲಿ. ಆ ಬಾಗಿಲಿನಿಂದಲೇ ಎಡಚರು ಬಂದರು, ಒಂದೇ ಕೈ ಇರುವವರೂ ಬಂದರು. ಕೈಬೆರಳು ಆಡದವರಿಗಾಗಿ 2018ರಲ್ಲಿ ಮೈಕ್ರೋಸಾಫ್ಟ್ ಕಂಪನಿ ದೊಡ್ಡ ಗುಂಡಿಗಳ, ಬೇಕಾದ ಸ್ವಿಚ್ಚು ಜೋಡಿಸಿಕೊಳ್ಳಬಹುದಾದ ಪ್ರತ್ಯೇಕ ಸಾಧನವನ್ನೇ ತಂದಿತು. ಕನ್ನಡದ ತಂತ್ರಾಂಶಗಳಲ್ಲೂ ಒಂದಕ್ಕಿಂತ ಹೆಚ್ಚು ವಿನ್ಯಾಸ ಆಯ್ದುಕೊಳ್ಳುವ ಸೌಲಭ್ಯ ಕೊಟ್ಟವು ಹಳಬರನ್ನೂ ಉಳಿಸಿಕೊಂಡವು.

ಇನ್ನೊಂದು ಬದಲಾವಣೆ ಈಗಾಗಲೇ ನಡೆದಿದೆ. ಇಂದು ಹಳ್ಳಿಯ ಹುಡುಗರು ಹೆಚ್ಚಾಗಿ ಆಡುವುದು ಮೊಬೈಲಿನಲ್ಲಿ. ಅಲ್ಲಿ ಬಾಣವೂ ಇಲ್ಲ, ಅಕ್ಷರವೂ ಇಲ್ಲ. ಗಾಜಿನ ಮೇಲೆ ಎಡ ಹೆಬ್ಬೆರಳು ಎಳೆದ ಕಡೆಗೆ ನಡಿಗೆ. ಒತ್ತಿದ್ದು ಸರಿಯೋ ತಪ್ಪೋ ಎಂದು ಬೆರಳಿಗೆ ತಿಳಿಸುವ ಉಬ್ಬುತಗ್ಗು ಕೂಡ ಇಲ್ಲ. ಅಂಥದ್ದಕ್ಕೂ ಬೆರಳು ಒಗ್ಗಿಕೊಂಡಿದೆ. ನಾಳೆ ಬರುವುದಕ್ಕೂ ಒಗ್ಗಿಕೊಂಡೀತು. ಕಲಿಯುವಷ್ಟು ದಿನ ಹಳೆಯ ದಾರಿಯನ್ನು ಮುಚ್ಚದೆ ಇಟ್ಟರೆ ಸಾಕು.