ಚಳಿಗಾಲದಲ್ಲಿ ಪಾದಗಳ ಆರೈಕೆ

ಗುರುವಿನ ಪಾದವನ್ನು ತೊಳೆದು ಪೂಜಿಸುವುದು, ಪಾದೋದಕವನ್ನು ಭಕ್ತಿಯಿಂದ ಸ್ವೀಕರಿಸುವುದು ನಮ್ಮ ಪರಂಪರೆ. ಆದರೆ ದಿನವಿಡೀ ನಮ್ಮನ್ನು ಹೊತ್ತು ನಡೆಯುವ ನಮ್ಮದೇ ಪಾದಗಳ ಕಡೆಗೆ ನಾವು ಕಣ್ಣು ಹಾಯಿಸುವುದು ಅಪರೂಪ. ಮುಳ್ಳು ಮುರಿದಾಗ, ಹಿಮ್ಮಡಿ ಸೀಳಿ ರಕ್ತ ಒಸರಿದಾಗ ಮಾತ್ರ ಅವು ನೆನಪಿಗೆ ಬರುತ್ತವೆ. ಕಾಯಕಕ್ಕೂ ದಾಸೋಹಕ್ಕೂ ಕಾಯವೇ ಆಧಾರ. ಆ ಕಾಯವನ್ನು ಹೊತ್ತ ಪಾದಗಳ ರಕ್ಷಣೆಯೂ ನಮ್ಮ ಕರ್ತವ್ಯವೇ ಆಗಿದೆ.

ಉಚ್ಚಂಗಿದುರ್ಗ, ಹರಪನಹಳ್ಳಿ, ಕೊಟ್ಟೂರು ಸೀಮೆಯಲ್ಲಿ ನೀರು ಹೆಪ್ಪುಗಟ್ಟುವಂಥ ಚಳಿಯಿಲ್ಲ. ಇಲ್ಲಿಯದು ಒಣ ಚಳಿ. ಕಾರ್ತಿಕ ಕಳೆದಂತೆ ಗಾಳಿಯಲ್ಲಿನ ತೇವ ಕುಗ್ಗುತ್ತದೆ. ಮುಂಜಾನೆ ಕೊರೆಯುವ ಬಂಡೆಯೇ ಮಾಘದ ಮಧ್ಯಾಹ್ನ ಸುಡತೊಡಗುತ್ತದೆ. ಹೊಲದ ಕೆಲಸವೂ ಆಗ ಬಿರುಸು. ಮೆಕ್ಕೆಜೋಳದ ಕೂಳೆ, ಬಳ್ಳಾರಿ ಜಾಲಿಯ ಮುಳ್ಳು, ಕಡಲೆ ಗಿಡದ ಹುಳಿ ಬೆರೆತ ಇಬ್ಬನಿ, ಎಲ್ಲವೂ ಒಡೆದ ಪಾದವನ್ನೇ ಕಾಡುತ್ತವೆ. ಭರತ ಹುಣ್ಣಿಮೆಗೆ ಉಚ್ಚಂಗೆಮ್ಮನ ಬೆಟ್ಟ ಹತ್ತುವವರು, ಮಾಘ ಬಹುಳದಲ್ಲಿ ಕೊಟ್ಟೂರು ಗುರುಬಸವೇಶ್ವರ ಸ್ವಾಮಿಯ ರಥೋತ್ಸವಕ್ಕೆ ಪಾದಯಾತ್ರೆ ಹೊರಡುವವರು ಬಹುಮಂದಿ. ಅವರಲ್ಲಿ ಬರಿಗಾಲಿನವರೂ ಅನೇಕರು. ಆದುದರಿಂದ ಈ ವಿಷಯವನ್ನು ಭಕ್ತರ ಮುಂದಿಡುತ್ತಿದ್ದೇವೆ.

ಹಿಮ್ಮಡಿ ಒಡೆಯುವುದೇಕೆ?

ದೇಹದ ಇತರ ಭಾಗಗಳಲ್ಲಿ ಚರ್ಮದ ಎಣ್ಣೆಗ್ರಂಥಿಗಳು ಜಿಡ್ಡನ್ನು ಸ್ರವಿಸಿ ಅದನ್ನು ಮೃದುವಾಗಿಡುತ್ತವೆ. ಅಂಗಾಲಿನಲ್ಲಿ ಈ ಗ್ರಂಥಿಗಳಿಲ್ಲ. ಬೆವರಿನ ಗ್ರಂಥಿಗಳು ಮಾತ್ರ ಇವೆ. ಚಳಿಯಲ್ಲಿ ಬೆವರೂ ಕಡಿಮೆಯಾಗುವುದರಿಂದ ಅಂಗಾಲಿನ ದಪ್ಪ ಚರ್ಮ ಒಣಗಿ ಗಡುಸಾಗುತ್ತದೆ. ನಿಂತಾಗ ಮೈಭಾರಕ್ಕೆ ಹಿಮ್ಮಡಿಯ ಅಂಚು ಹೊರಕ್ಕೆ ಹಿಗ್ಗುತ್ತದೆ. ಹಿಗ್ಗಲಾರದ ಒಣ ಚರ್ಮ ಆಗ ಸೀಳುತ್ತದೆ. ಬಹಳ ಬಿಸಿಯಾದ ನೀರು, ಬಟ್ಟೆ ಸೋಪು, ಹಿಂಬದಿ ತೆರೆದ ಚಪ್ಪಲಿ ಈ ತೊಂದರೆಯನ್ನು ಹೆಚ್ಚಿಸುತ್ತವೆ.

ಇನ್ನೊಂದು ಕಾರಣವೂ ಉಂಟು. ಚಳಿ ತಗುಲಿದಾಗ ದೇಹವು ಹೃದಯ, ಮಿದುಳುಗಳ ಶಾಖವನ್ನು ಕಾಯ್ದುಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಕಿರಿದುಗೊಳಿಸುತ್ತದೆ. ರಕ್ತದ ಹರಿವು ಕುಗ್ಗಿದ ಪಾದದಲ್ಲಿ ಗಾಯ ತಡವಾಗಿ ಮಾಯುತ್ತದೆ. ಬೀಡಿ, ಸಿಗರೇಟುಗಳೂ ರಕ್ತನಾಳಗಳನ್ನು ಕಿರಿದಾಗಿಸುವುದರಿಂದ ಸೇದುವವರ ಪಾದಗಳಿಗೆ ಅಪಾಯ ಇಮ್ಮಡಿ.

ನಿತ್ಯದ ಆರೈಕೆ

ಸಂಜೆ ಕೆಲಸ ಮುಗಿದ ಮೇಲೆ ಪಾದಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಕಾಲುಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಬ್ಲೇಡಿನಿಂದ ಚರ್ಮ ಹೆರೆಯಬಾರದು. ಬೆರಳುಗಳ ಸಂದಿಯನ್ನೂ ಬಿಡದೆ ಒರೆಸಿ, ಚರ್ಮದ ತೇವ ಆರುವ ಮುನ್ನವೇ ಕೊಬ್ಬರಿ ಎಣ್ಣೆಯನ್ನೋ ವ್ಯಾಸಲೀನನ್ನೋ ಅಂಗಾಲು, ಹಿಮ್ಮಡಿಗಳಿಗೆ ಲೇಪಿಸಬೇಕು. ಒಳಗಿನ ತೇವವನ್ನು ಹಿಡಿದಿಡುವುದೇ ಈ ಜಿಡ್ಡಿನ ಕೆಲಸ. ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ. ಅಲ್ಲಿ ತೇವ ನಿಂತರೆ ಶಿಲೀಂಧ್ರದ ಸೋಂಕು ತಗಲುತ್ತದೆ. ಮಲಗುವಾಗ ಹತ್ತಿಯ ಕಾಲುಚೀಲ ಧರಿಸುವುದು ಒಳ್ಳೆಯದು.

ಉಗುರುಗಳನ್ನು ನೇರವಾಗಿ ಕತ್ತರಿಸಬೇಕು. ಹೊಲಕ್ಕೆ ಹಿಂಬದಿ ಮುಚ್ಚಿದ ಪಾದರಕ್ಷೆ ಮೆಟ್ಟಬೇಕು. ಮೆಟ್ಟುವ ಮುನ್ನ ಕೊಡವಿ ನೋಡಬೇಕು. ಸೀಳಿಗೆ ಎಕ್ಕದ ಹಾಲು, ಸುಣ್ಣಗಳನ್ನು ಹಚ್ಚುವುದು ಸಲ್ಲದು. ವಿಭೂತಿ ಹಣೆಗೆ ಭೂಷಣ, ಗಾಯಕ್ಕೆ ಔಷಧವಲ್ಲ.

ಸಕ್ಕರೆ ಕಾಯಿಲೆಯವರಿಗೆ ವಿಶೇಷ ಎಚ್ಚರಿಕೆ

ಬಹುಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಕುಂದಿಸುತ್ತದೆ. ಆಗ ಚುಚ್ಚಿದ್ದೂ ಸುಟ್ಟದ್ದೂ ತಿಳಿಯುವುದಿಲ್ಲ. ಚಳಿಯೆಂದು ಬೆಂಕಿಯ ಬಳಿ ಕಾಲು ಚಾಚಿ ಕುಳಿತವರಿಗೆ, ಬಿಸಿನೀರಿನ ಚೀಲವಿಟ್ಟು ಮಲಗಿದವರಿಗೆ ಬೊಬ್ಬೆ ಎದ್ದ ಮೇಲಷ್ಟೇ ಅರಿವಾಗಬಹುದು. ಆ ಬೊಬ್ಬೆ ಹುಣ್ಣಾಗಿ, ಹುಣ್ಣು ಕೊಳೆತು ಕಾಲನ್ನೇ ಕತ್ತರಿಸಬೇಕಾದ ಸ್ಥಿತಿಯೂ ಬರುತ್ತದೆ. ಆದುದರಿಂದ ಇಂಥವರು ಪಾದವನ್ನು ನೀರಿನಲ್ಲಿ ನೆನೆಯಿಡದೆ ತೊಳೆದು ಒರೆಸಿಕೊಳ್ಳಬೇಕು. ನೀರಿನ ಬಿಸಿಯನ್ನು ಮನೆಯವರ ಕೈಯಿಂದ ನೋಡಿಸಬೇಕು. ನಿತ್ಯವೂ ಕನ್ನಡಿ ಹಿಡಿದೋ ಮೊಮ್ಮಕ್ಕಳಿಂದಲೋ ಅಂಗಾಲನ್ನು ಪರೀಕ್ಷಿಸಿಕೊಳ್ಳಬೇಕು.

ಸ್ಪರ್ಶಜ್ಞಾನವನ್ನು ಮನೆಯಲ್ಲೇ ಅಳೆಯಬಹುದು. ಕಾಯಿಲೆಯವರು ಕಣ್ಣು ಮುಚ್ಚಿರಲಿ. ಇನ್ನೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಲಿ, ಒತ್ತಬಾರದು, ತಿಕ್ಕಬಾರದು. ಆರು ಸ್ಪರ್ಶಗಳಲ್ಲಿ ಎರಡು ಅಥವಾ ಹೆಚ್ಚು ತಿಳಿಯದಿದ್ದರೆ ನರಗಳು ಕುಂದಿವೆಯೆಂದು ಭಾವಿಸಿ ವೈದ್ಯರನ್ನು ಕಾಣಬೇಕು. ಇಂಥ ಪಾದಗಳಿಗೆ ಎಂ.ಸಿ.ಆರ್. ಎಂಬ ಮೃದು ರಬ್ಬರಿನ ಪಾದರಕ್ಷೆಗಳಿವೆ.

ಬರಿಗಾಲಿನ ಹರಕೆ

ಹರಕೆ ಹೊತ್ತವರ ಭಕ್ತಿಯನ್ನು ನಾವು ಗೌರವಿಸುತ್ತೇವೆ. ಆದರೆ ಸ್ಪರ್ಶ ತಿಳಿಯದ ಪಾದದವರು, ಹುಣ್ಣಿರುವವರು ಬರಿಗಾಲಿನಲ್ಲಿ ನಡೆಯಬಾರದೆಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ. ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನವರ ಹಾದಿಯಲ್ಲಿ ದೇಹವನ್ನು ಕೆಡಿಸಿಕೊಳ್ಳುವುದು ಸೇವೆಯೆನಿಸದು. ಅಂಥವರು ಪಾದರಕ್ಷೆ ಧರಿಸಿ ಬರಲಿ. ಇಲ್ಲವೇ ದಾರಿಯಲ್ಲಿ ನಡೆಯುವ ದಾಸೋಹದಲ್ಲಿ ಕೈಜೋಡಿಸಿ ಹರಕೆ ಸಲ್ಲಿಸಲಿ. ಗುಡಿಯ ಪ್ರಾಂಗಣದಲ್ಲಿ ದಪ್ಪ ಕಾಲುಚೀಲವಿರಲಿ. ಆರೋಗ್ಯವಂತರೂ ಬಿಸಿಲೇರುವ ಮುನ್ನ ನಡೆದು, ತಂಗಿದಲ್ಲಿ ಪಾದ ತೊಳೆದು ನೋಡಿಕೊಳ್ಳಬೇಕು. ಬೊಬ್ಬೆ ಎದ್ದರೆ ಒಡೆಯದೆ, ಶುಭ್ರವಾದ ಬಟ್ಟೆ ಕಟ್ಟಬೇಕು.

ವೈದ್ಯರಲ್ಲಿಗೆ ಯಾವಾಗ?

ಸೀಳು ಆಳವಾಗಿ ರಕ್ತ ಬಂದರೆ, ಪಾದ ಕೆಂಪಾಗಿ ಊದಿ ಕೀವು ತುಂಬಿದರೆ, ಬೆರಳು ಕಪ್ಪಾದರೆ, ಸಕ್ಕರೆ ಕಾಯಿಲೆಯವರಿಗೆ ಎಷ್ಟೇ ಸಣ್ಣ ಗಾಯವಾದರೂ, ತಡಮಾಡಬಾರದು. ಮುಳ್ಳು, ಮೊಳೆ ಚುಚ್ಚಿದಾಗ ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ವಿಚಾರಿಸಬೇಕು. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಕ್ಕರೆಯ ಪರೀಕ್ಷೆ ಉಚಿತವಾಗಿ ದೊರೆಯುತ್ತದೆ. ಹೆಚ್ಚಿನ ಚಿಕಿತ್ಸೆಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಸಮೀಪದಲ್ಲೇ ಇದೆ.

ಇಂದು ರಾತ್ರಿ ಮಲಗುವ ಮುನ್ನ ಮನೆಯ ಹಿರಿಯರ ಪಾದಗಳನ್ನು ಒಮ್ಮೆ ದೀಪದ ಬೆಳಕಿನಲ್ಲಿ ನೋಡಿರಿ. ಅದೂ ಒಂದು ಪಾದಸೇವೆಯೇ.