ಬೆನ್ನಟ್ಟುವ ನಾಯಿ, ಓಡುವ ಬೆಕ್ಕು

ಸಂಜೆಯ ಹೊತ್ತು. ಮನೆಯೊಂದರ ಜಗಲಿಯ ಮೇಲೆ ನಾಯಿಯು ಮುಂಗಾಲುಗಳ ನಡುವೆ ಮುಖವಿಟ್ಟು ಮಲಗಿದೆ. ಮನೆಯ ಮಕ್ಕಳು ಕಿವಿ ಹಿಡಿದು ಎಳೆದರೂ ಅದು ಗುರುಗುಟ್ಟುವುದಿಲ್ಲ. ಹಾಲು ತರುವವನನ್ನು ಕಂಡರೆ ಬಾಲವಾಡಿಸುತ್ತದೆ. ಅಷ್ಟರಲ್ಲಿ ಪಕ್ಕದ ಮನೆಯ ಬೆಕ್ಕು ಗೋಡೆಯಿಂದ ಕೆಳಗಿಳಿದು ಅಂಗಳವನ್ನು ದಾಟತೊಡಗುತ್ತದೆ. ಕ್ಷಣಮಾತ್ರದಲ್ಲಿ ನಾಯಿಯ ಕಿವಿಗಳು ನಿಮಿರುತ್ತವೆ, ಮೈ ಬಿಗಿಯುತ್ತದೆ. ಬೆಕ್ಕು ಓಟ ಕಿತ್ತೊಡನೆಯೇ ನಾಯಿಯು ಬಾಣದಂತೆ ಅದರ ಹಿಂದೆ ನುಗ್ಗುತ್ತದೆ. ಹೂವಿನ ಕುಂಡ ಉರುಳುತ್ತದೆ. ಒಣಹಾಕಿದ ಬಟ್ಟೆ ಮಣ್ಣಾಗುತ್ತದೆ. ಬೆಕ್ಕು ಹೇಗೋ ನುಗ್ಗೆಯ ಮರವನ್ನೇರಿ ಪ್ರಾಣ ಉಳಿಸಿಕೊಳ್ಳುತ್ತದೆ. ನಾಯಿಯು ಮರದ ಬುಡದಲ್ಲಿ ನಿಂತು ಬೊಗಳುತ್ತದೆ.

ಇಂತಹ ನೋಟವನ್ನು ಕಾಣದವರು ವಿರಳ. ಆದರೆ ಕಂಡವರೆಲ್ಲರೂ ಅದನ್ನು ಒಂದೇ ಬಗೆಯಾಗಿ ತಿಳಿಯುವುದಿಲ್ಲ. ಬೀದಿಯ ಹುಡುಗರಿಗೆ ಅದೊಂದು ವಿನೋದ. "ಛೂ" ಎಂದು ಹುರಿದುಂಬಿಸುವವರೂ ಉಂಟು. ಬೆಕ್ಕನ್ನು ಸಾಕಿದ ಅಜ್ಜಿಗೆ ಅದು ಸಹಿಸಲಾಗದ ಸಂಕಟ. "ನಿಮ್ಮ ನಾಯಿಯನ್ನು ಕಟ್ಟಿಹಾಕಬಾರದೇನಪ್ಪ?" ಎಂದು ಆಕೆ ಕೇಳಿದಾಗ ನಾಯಿಯ ಒಡೆಯನಿಗೆ ನಾಚಿಕೆಯಾಗುತ್ತದೆ. ಆ ನಾಚಿಕೆಯೇ ಸಿಟ್ಟಾಗಿ, ನಾಯಿಯ ಬೆನ್ನಿನ ಮೇಲೆ ಏಟಾಗಿ ಬೀಳುತ್ತದೆ. ಆದರೂ ಮರುದಿನ ಅದೇ ಹೊತ್ತಿಗೆ ಅದೇ ಓಟ ಪುನಃ ನಡೆಯುತ್ತದೆ. ಹಾಗಾದರೆ ನಾಯಿಯು ಬೆಕ್ಕನ್ನು ಬೆನ್ನಟ್ಟುವುದೇಕೆ? ಅದು ದುಷ್ಟತನವೆ? ಹುಟ್ಟಿನಿಂದ ಬಂದ ಹಗೆತನವೆ? ಅದನ್ನು ತಿದ್ದುವ ಮಾರ್ಗ ಉಂಟೆ?

ಈ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಎರಡೂ ಪ್ರಾಣಿಗಳ ಪೂರ್ವಚರಿತ್ರೆಯನ್ನು ಸ್ವಲ್ಪ ತಿಳಿಯಬೇಕು. ನಾಯಿಯ ಪೂರ್ವಜ ತೋಳ. ಬೇಸಾಯವನ್ನು ಕಲಿಯುವುದಕ್ಕೂ ಮೊದಲೇ, ಬೇಟೆಯಾಡಿ ಬದುಕುತ್ತಿದ್ದ ಕಾಲದಲ್ಲಿಯೇ, ಮಾನವನು ನಾಯಿಯ ಸಹವಾಸವನ್ನು ಪಡೆದನು. ಜರ್ಮನಿಯ ಬಾನ್ ನಗರದ ಓಬರ್‌ಕಾಸೆಲ್ ಎಂಬಲ್ಲಿ 1914ರಲ್ಲಿ ಬೆಳಕಿಗೆ ಬಂದ, ಸುಮಾರು 14,000 ವರ್ಷಗಳಷ್ಟು ಹಳೆಯದಾದ ಸಮಾಧಿಯಲ್ಲಿ ಮನುಷ್ಯರ ಅಸ್ಥಿಗಳೊಡನೆ ನಾಯಿಯ ಅಸ್ಥಿಗಳೂ ದೊರೆತಿವೆ. ಬೆಕ್ಕು ಬಂದುದು ಇನ್ನೂ ತಡವಾಗಿ. ಮಾನವನು ಧಾನ್ಯವನ್ನು ಬೆಳೆದು ಕೂಡಿಡಲು ತೊಡಗಿದಾಗ ಕಣಜಗಳಿಗೆ ಇಲಿಗಳು ಬಂದವು. ಇಲಿಗಳನ್ನು ಅರಸಿಕೊಂಡು ಪಶ್ಚಿಮ ಏಷ್ಯದ ಕಾಡುಬೆಕ್ಕು ಊರೊಳಗೆ ಬಂದಿತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನೊಬ್ಬನ ಪಕ್ಕದಲ್ಲಿಯೇ ಬೆಕ್ಕನ್ನು ಹೂತಿದ್ದ, ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯ ವಿವರ 2004ರಲ್ಲಿ ಪ್ರಕಟವಾಯಿತು. ಹೀಗೆ ಒಂದು ಬೇಟೆಯ ಜೊತೆಗಾರನಾಗಿ, ಇನ್ನೊಂದು ಕಣಜದ ಕಾವಲುಗಾರನಾಗಿ ಮಾನವನ ಮನೆಬಾಗಿಲಿಗೆ ಬಂದವು.

ಎರಡೂ ಮಾಂಸಾಹಾರಿಗಳು; ಎರಡೂ ಬೇಟೆಗಾರ ಪ್ರಾಣಿಗಳು. ಆದರೆ ಬೇಟೆಯ ರೀತಿ ಬೇರೆ ಬೇರೆ. ಬೆಕ್ಕು ಒಂಟಿಯಾಗಿ ಹೊಂಚು ಹಾಕಿ ಹಾರಿ ಹಿಡಿಯುತ್ತದೆ. ತೋಳವಾದರೋ ಓಡುವ ಪ್ರಾಣಿಯನ್ನು ಗುಂಪಾಗಿ ಬೆನ್ನಟ್ಟಿ ದಣಿಸುತ್ತದೆ. ಅದರ ಬೇಟೆಯನ್ನು ಒಂದು ಸರಪಣಿಗೆ ಹೋಲಿಸಬಹುದು. ಮೊದಲು ಗುರಿಯನ್ನು ಗುರುತಿಸುವುದು, ಅನಂತರ ದಿಟ್ಟಿಸುವುದು, ಮೆಲ್ಲನೆ ಸಮೀಪಿಸುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು, ಕೊನೆಗೆ ತಿನ್ನುವುದು - ಇವೇ ಆ ಸರಪಣಿಯ ಕೊಂಡಿಗಳು. ನಾಯಿಯಲ್ಲಿ ಈ ಕೊಂಡಿಗಳು ಒಂದೇ ಸಮನಾಗಿ ಉಳಿದಿಲ್ಲ. ಮಾನವನು ತನಗೆ ಬೇಕಾದ ಗುಣಗಳಿರುವ ನಾಯಿಗಳನ್ನೇ ಆರಿಸಿ ತಳಿ ಬೆಳೆಸಿದುದರಿಂದ ಕೆಲವು ಕೊಂಡಿಗಳು ಬಲಗೊಂಡವು, ಕೆಲವು ಸಡಿಲವಾದವು.

ಬ್ರಿಟನ್ನಿನ ಬಾರ್ಡರ್ ಕೋಲಿ ಎಂಬ ಕುರಿಕಾಯುವ ನಾಯಿಯು ಕುರಿಗಳನ್ನು ದಿಟ್ಟಿಸಿ, ಹೊಂಚುವಂತೆ ಸಮೀಪಿಸಿ, ಅಟ್ಟಿಕೊಂಡು ಹೋಗುತ್ತದೆ. ಆದರೆ ಅವುಗಳನ್ನು ಕೊಲ್ಲುವುದಿಲ್ಲ. ಕರ್ನಾಟಕದ ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರನ್ನು ಹೊತ್ತ ಬೇಟೆನಾಯಿ ಇನ್ನೊಂದು ನಿದರ್ಶನ. ಸಪೂರವಾದ ಮೈ, ನೀಳವಾದ ಕಾಲುಗಳು, ಆಳವಾದ ಎದೆ, ದೂರದ ಚಲನೆಯನ್ನು ಥಟ್ಟನೆ ಗುರುತಿಸುವ ಕಣ್ಣುಗಳು - ಇವೆಲ್ಲವೂ ಓಡುವ ಪ್ರಾಣಿಯನ್ನು ಬೆನ್ನಟ್ಟುವುದಕ್ಕೆಂದೇ ಹೊಂದಿಕೊಂಡಿವೆ. 2005ರಲ್ಲಿ ಭಾರತದ ಅಂಚೆ ಇಲಾಖೆಯು ದೇಶೀಯ ನಾಯಿಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಾಗ ಮುಧೋಳದ ನಾಯಿಗೂ ಅವುಗಳಲ್ಲಿ ಸ್ಥಾನ ದೊರೆಯಿತು. ತಲೆತಲಾಂತರದಿಂದ ಮೊಲವನ್ನು ಬೆನ್ನಟ್ಟಲು ಬೆಳೆಸಿದ ತಳಿಯ ನಾಯಿಯೊಂದು ಪಟ್ಟಣದ ಬೀದಿಯಲ್ಲಿ ಬೆಕ್ಕಿನ ಹಿಂದೆ ಓಡಿದರೆ ಅದರಲ್ಲಿ ಆಶ್ಚರ್ಯವೇನು? ಅದು ಮಾನವನು ಮೆಚ್ಚಿ ಬೆಳೆಸಿದ ಗುಣವನ್ನೇ ತೋರಿಸುತ್ತಿದೆ.

ಆದುದರಿಂದ ಬೆನ್ನಟ್ಟುವುದಕ್ಕೆ ಹಗೆಯು ಕಾರಣವಲ್ಲ. ಅದೇ ನಾಯಿಯು ಅಳಿಲನ್ನೂ ಕೋಳಿಯನ್ನೂ ಬೆನ್ನಟ್ಟುತ್ತದೆ. ಬೈಸಿಕಲ್ಲಿನ ಹಿಂದೆ ಓಡುತ್ತದೆ. ಎಸೆದ ಚೆಂಡಿನ ಹಿಂದೆ ಅದಕ್ಕಿಂತಲೂ ಉತ್ಸಾಹದಿಂದ ಓಡುತ್ತದೆ. ಚೆಂಡಿನ ಮೇಲೆ ಯಾರಿಗಾದರೂ ದ್ವೇಷವಿರುವುದುಂಟೆ? ಹಸಿವೂ ಇದಕ್ಕೆ ಕಾರಣವಲ್ಲ. ಹೊಟ್ಟೆ ತುಂಬ ಉಂಡ ನಾಯಿಯೂ ಬೆಕ್ಕನ್ನು ಕಂಡರೆ ಓಡುತ್ತದೆ. ಓಡುವ ವಸ್ತುವೇ ಅದಕ್ಕೆ ಪ್ರಚೋದನೆ. ಓಟವೇ ಅದಕ್ಕೆ ಸಂತೋಷ. ಇದಕ್ಕೆ ಇನ್ನೊಂದು ಸಾಕ್ಷ್ಯವೂ ಉಂಟು. ಬೆಕ್ಕು ಓಡದೆ ನಿಂತು, ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ರೋಮಗಳನ್ನು ನಿಮಿರಿಸಿ ಬುಸುಗುಟ್ಟಿದರೆ ಎಷ್ಟೋ ನಾಯಿಗಳು ಥಟ್ಟನೆ ನಿಂತುಬಿಡುತ್ತವೆ. ಓಟವು ನಿಂತೊಡನೆಯೇ ಸರಪಣಿಯ ಕೊಂಡಿ ಕಳಚಿದಂತಾಗುತ್ತದೆ. ಆದರೆ ಎಲ್ಲ ನಾಯಿಗಳೂ ಹಾಗೆ ನಿಲ್ಲುವುದಿಲ್ಲ. ಕೆಲವು ನಾಯಿಗಳಲ್ಲಿ ಹಿಡಿಯುವ, ಕೊಲ್ಲುವ ಕೊಂಡಿಗಳೂ ಬಲವಾಗಿರುತ್ತವೆ. "ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ" ಎಂಬ ಗಾದೆಯಿದೆ. ಇಲ್ಲಿ ಚೆಲ್ಲಾಟ ನಾಯಿಯದು, ಪ್ರಾಣಸಂಕಟ ಬೆಕ್ಕಿನದು. ನಾಯಿಯಲ್ಲಿ ಹಗೆಯಿಲ್ಲವೆಂಬ ಮಾತ್ರಕ್ಕೆ ಬೆಕ್ಕಿಗೆ ಒದಗುವ ಅಪಾಯವು ಕಡಮೆಯಾಗುವುದಿಲ್ಲ.

ಈ ಎರಡು ಪ್ರಾಣಿಗಳ ನಡುವೆ ಇನ್ನೊಂದು ತೊಡಕೂ ಇದೆ. ಅದು ಭಾಷೆಯ ತೊಡಕು. ನಾಯಿಯು ಬಾಲವನ್ನು ಸಡಿಲವಾಗಿ ಬೀಸಿದರೆ ಅದು ಸಾಮಾನ್ಯವಾಗಿ ಸ್ನೇಹದ ಸೂಚನೆ. ಬೆಕ್ಕು ಬಾಲವನ್ನು ಅತ್ತಿತ್ತ ಬಡಿದರೆ ಅದು ಸಿಡುಕಿನ ಸೂಚನೆ. ಸೋಲೊಪ್ಪಿದ ನಾಯಿಯು ಬೆನ್ನಿನ ಮೇಲೆ ಉರುಳುತ್ತದೆ. ಜಗಳಕ್ಕೆ ಸಿಲುಕಿದ ಬೆಕ್ಕು ಹಾಗೆ ಉರುಳುವುದು ನಾಲ್ಕು ಪಂಜಗಳ ಉಗುರುಗಳನ್ನೂ ಬಳಸುವುದಕ್ಕಾಗಿ. ನಾಯಿಯು ಆಟಕ್ಕೆ ಕರೆಯುತ್ತ ಮುಂಗಾಲೆತ್ತಿದರೆ ಬೆಕ್ಕು ಅದನ್ನು ಏಟೆಂದು ತಿಳಿಯಬಹುದು. ಆದರೆ ಈ ತೊಡಕು ಬಿಡಿಸಲಾಗದ ಗಂಟಲ್ಲ. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾನಿಲಯದ ಸಂಶೋಧಕರು ಒಂದೇ ಮನೆಯಲ್ಲಿ ವಾಸಿಸುವ ನಾಯಿ ಬೆಕ್ಕುಗಳನ್ನು ಅಭ್ಯಸಿಸಿ 2008ರಲ್ಲಿ ತಮ್ಮ ನಿರ್ಣಯಗಳನ್ನು ಪ್ರಕಟಿಸಿದರು. ಎಳವೆಯಲ್ಲಿಯೇ ಒಂದನ್ನೊಂದು ಕಂಡು ಬೆಳೆದವುಗಳಲ್ಲಿ ಸ್ನೇಹವು ಸುಲಭವಾಗಿ ಕುದುರುತ್ತದೆ. ಅವುಗಳಲ್ಲಿ ಅನೇಕವು ಒಂದರ ಸಂಜ್ಞೆಯನ್ನು ಇನ್ನೊಂದು ಸರಿಯಾಗಿ ಅರ್ಥಮಾಡಿಕೊಳ್ಳುತ್ತವೆ ಎಂಬುದು ಅವರಿಗೆ ಕಂಡುಬಂದಿತು.

ಎಳವೆಯ ಮಹತ್ವವು ಅದಕ್ಕೂ ಮೊದಲೇ ತಿಳಿದಿದ್ದ ವಿಷಯ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ನಾಯಿಮರಿಗಳನ್ನು ಅನೇಕ ವರ್ಷಗಳ ಕಾಲ ಪರಿಶೀಲಿಸಿ 1965ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಮರಿಯ ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗಿನ ಅವಧಿಯಲ್ಲಿ ಅದು ಯಾರನ್ನು ಕಂಡು ಬೆಳೆಯುತ್ತದೆಯೋ ಅವರನ್ನು ತನ್ನವರೆಂದು ಭಾವಿಸುವುದು ಸುಲಭ. ಇದಕ್ಕೆ ಒಂದು ಮಿತಿಯಿದೆ. ಮನೆಯ ಬೆಕ್ಕಿನೊಡನೆ ಒಂದೇ ಚಾಪೆಯ ಮೇಲೆ ಮಲಗುವ ನಾಯಿಯೂ ನೆರೆಮನೆಯ ಬೆಕ್ಕನ್ನು ಬೆನ್ನಟ್ಟಬಹುದು. ಏಕೆಂದರೆ ಒಂದು ಅದರ ಕುಟುಂಬಕ್ಕೆ ಸೇರಿದ್ದು. ಇನ್ನೊಂದು ಓಡುವ ಅಪರಿಚಿತ ಪ್ರಾಣಿ.

ಹಾಗಾದರೆ ಬೆಳೆದ ನಾಯಿಯನ್ನು ತಿದ್ದುವುದು ಹೇಗೆ? ಇದಕ್ಕೆ ಬೇಕಾದ ಸೂತ್ರವನ್ನು ಮಾನವನಿಗೆ ಕಲಿಸಿದ್ದು ಬೆಕ್ಕೇ ಎಂಬುದು ಸ್ವಾರಸ್ಯಕರವಾದ ಸಂಗತಿ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ ಹಸಿದ ಬೆಕ್ಕುಗಳನ್ನು ಪೆಟ್ಟಿಗೆಗಳಲ್ಲಿಟ್ಟು ಹೊರಗೆ ಆಹಾರವನ್ನು ಇರಿಸುತ್ತಿದ್ದನು. ಬೆಕ್ಕು ಮೊದಲು ಪರಚುತ್ತಿತ್ತು, ಕಚ್ಚುತ್ತಿತ್ತು. ಕೊನೆಗೆ ಅಕಸ್ಮಾತ್ತಾಗಿ ಅಗಳಿಯನ್ನು ಮುಟ್ಟಿದಾಗ ಬಾಗಿಲು ತೆರೆಯುತ್ತಿತ್ತು. ಮತ್ತೆ ಮತ್ತೆ ಪ್ರಯೋಗ ಮಾಡಿದಂತೆಲ್ಲ ಅದು ಬೇಗ ಬೇಗ ಹೊರಬರಲು ಕಲಿಯಿತು. 1898ರಲ್ಲಿ ಪ್ರಕಟವಾದ ಈ ಪ್ರಯೋಗಗಳ ಆಧಾರದ ಮೇಲೆ ಅವನು ಮುಂದೆ ಒಂದು ನಿಯಮವನ್ನು ರೂಪಿಸಿದನು. ಯಾವ ಕ್ರಿಯೆಯ ಹಿಂದೆಯೇ ತೃಪ್ತಿ ದೊರೆಯುತ್ತದೆಯೋ ಆ ಕ್ರಿಯೆಯು ರೂಢಿಯಾಗುತ್ತದೆ ಎಂಬುದೇ ಆ ನಿಯಮದ ಸಾರ.

ಈ ನಿಯಮವನ್ನು ನಾಯಿಯ ಓಟಕ್ಕೆ ಅನ್ವಯಿಸಿ ನೋಡಬೇಕು. ಬೆನ್ನಟ್ಟುವುದೇ ನಾಯಿಗೆ ತೃಪ್ತಿಯನ್ನು ಕೊಡುವುದರಿಂದ, ಬೆಕ್ಕು ಸಿಗದಿದ್ದರೂ ಪ್ರತಿಯೊಂದು ಓಟವೂ ಮುಂದಿನ ಓಟಕ್ಕೆ ಪಾಠವಾಗುತ್ತದೆ. ಓಡಿ ಬಂದ ಮೇಲೆ ಒಡೆಯನು ಹೊಡೆದರೆ ಏನಾಗುತ್ತದೆ? ಏಟು ಬಿದ್ದುದು ಬೆನ್ನಟ್ಟಿದುದಕ್ಕೆ ಎಂದು ನಾಯಿಗೆ ತಿಳಿಯದು. ಹಿಂದಿರುಗಿ ಬಂದುದಕ್ಕೆ ಎಂದೇ ಅದು ತಿಳಿಯುತ್ತದೆ. ಆಮೇಲೆ ಕರೆದರೂ ಬಾರದೆ ದೂರವೇ ಉಳಿಯುತ್ತದೆ. ಬೆಕ್ಕನ್ನು ನೋಡಿದಾಗಲೆಲ್ಲ ಹೊಡೆದರೆ ಫಲ ಇನ್ನೂ ಕೆಟ್ಟದು. ಬೆಕ್ಕು ಕಂಡೊಡನೆ ನೋವಾಗುತ್ತದೆಂದು ನಾಯಿ ಕಲಿಯುತ್ತದೆ. ಮೊದಲು ಕೇವಲ ಆಟವಾಗಿದ್ದುದು ನಿಜವಾದ ಹಗೆಯಾಗಿ ಮಾರ್ಪಡಬಹುದು. ಪ್ರಕೃತಿಯು ಇಡದ ದ್ವೇಷವನ್ನು ಮಾನವನ ಕೋಲೇ ತಂದಿಟ್ಟಂತಾಗುತ್ತದೆ.

ಆದುದರಿಂದ ಮೊದಲ ಕೆಲಸವೆಂದರೆ ಓಟಕ್ಕೆ ಅವಕಾಶವಿಲ್ಲದಂತೆ ಮಾಡುವುದು. ಬೇಲಿಯ ಕಂಡಿಯನ್ನು ಮುಚ್ಚಬೇಕು, ಗೇಟನ್ನು ಹಾಕಬೇಕು, ಹೊರಗೆ ಕರೆದೊಯ್ಯುವಾಗ ನಾಯಿಯ ಕೊರಳಪಟ್ಟಿಗೆ ಗಟ್ಟಿಯಾದ ಹಗ್ಗವಿರಬೇಕು. ಹಾಗೆಂದು ಹಗಲಿರುಳೂ ಕಟ್ಟಿಹಾಕುವುದು ಪರಿಹಾರವಲ್ಲ. ಕಟ್ಟಿನಲ್ಲಿಯೇ ಕಾಲ ಕಳೆಯುವ ನಾಯಿಯ ಚೈತನ್ಯವು ದಾರಿ ಕಾಣದೆ ಕುದಿಯುತ್ತದೆ. ಬಿಟ್ಟೊಡನೆ ಅದು ಇಮ್ಮಡಿ ವೇಗದಿಂದ ಓಡುತ್ತದೆ. ಪ್ರತಿದಿನವೂ ನಡಿಗೆ, ಚೆಂಡಿನ ಆಟ, ಮೂಸಿ ಹುಡುಕುವ ಆಟ ಮೊದಲಾದವುಗಳಿಂದ ಅದರ ಬೇಟೆಯ ಬಯಕೆಗೆ ನಿರಪಾಯವಾದ ಹಾದಿಯನ್ನು ಕೊಡಬೇಕು.

ಎರಡನೆಯ ಕೆಲಸ ಶಿಕ್ಷಣ. ಬೆಕ್ಕಿಲ್ಲದ ಕಡೆಯಲ್ಲಿ ಹೆಸರು ಹಿಡಿದು ಕರೆದೊಡನೆ ತಿರುಗಿ ನೋಡುವುದನ್ನು ಮೊದಲು ಕಲಿಸಬೇಕು. ತಿರುಗಿದೊಡನೆ ಅದು ಮೆಚ್ಚುವ ತಿನಿಸಿನ ಚೂರೊಂದನ್ನು ಕೊಡಬೇಕು. ಅದು ರೂಢಿಯಾದ ಮೇಲೆ, ಹಗ್ಗ ಹಿಡಿದುಕೊಂಡೇ, ದೂರದಲ್ಲಿ ಬೆಕ್ಕು ಕಾಣುವಲ್ಲಿ ನಿಲ್ಲಬೇಕು. ನಾಯಿಯು ಬೆಕ್ಕನ್ನು ಕಂಡು, ಇನ್ನೂ ಕಾಲು ಕೀಳದಿರುವ ಗಳಿಗೆಯೇ ಮುಖ್ಯವಾದುದು. ಆಗ ಕರೆದರೆ ಅದರ ಕಿವಿಗೆ ಕೇಳುತ್ತದೆ; ಓಟ ಆರಂಭವಾದ ಮೇಲೆ ಕೂಗಿದರೆ ಕೇಳಿಯೂ ಕೇಳದಂತಾಗುತ್ತದೆ. ತಿರುಗಿದಾಗ ತಿನಿಸು, ಮೆಚ್ಚುನುಡಿ. ದಿನದಿನವೂ ಸ್ವಲ್ಪ ಹೊತ್ತಿನಂತೆ ವಾರಗಟ್ಟಲೆ ಅಭ್ಯಾಸ ಮಾಡಿಸಿ ದೂರವನ್ನು ಕ್ರಮೇಣ ಕಡಮೆ ಮಾಡಬೇಕು. ಬೆಕ್ಕಿಗೆ ತಪ್ಪಿಸಿಕೊಳ್ಳುವ ದಾರಿ ಯಾವಾಗಲೂ ತೆರೆದಿರಬೇಕು. ಹೀಗೆ ಬೆಕ್ಕನ್ನು ಕಂಡಾಗ ಓಡುವುದಕ್ಕಿಂತ ಒಡೆಯನ ಕಡೆಗೆ ತಿರುಗುವುದೇ ಲಾಭವೆಂಬುದು ನಾಯಿಗೆ ಮನವರಿಕೆಯಾಗುತ್ತದೆ. ಎಷ್ಟು ಕಲಿತರೂ ಬೆನ್ನಟ್ಟುವ ಸ್ವಭಾವದ ನಾಯಿಯನ್ನು ಬೆಕ್ಕುಗಳಿರುವ ಬೀದಿಯಲ್ಲಿ ಹಗ್ಗವಿಲ್ಲದೆ ಬಿಡುವುದು ವಿವೇಕವಲ್ಲ.

ನಾಯಿ ಸಾಕುವವರಿಗೆ ನೆರೆಹೊರೆಯ ಋಣವೂ ಉಂಟು. ತಮ್ಮ ನಾಯಿಯ ಸ್ವಭಾವವನ್ನು ಅವರು ಅಕ್ಕಪಕ್ಕದವರಿಗೆ ಮುಚ್ಚಿಡದೆ ತಿಳಿಸಬೇಕು. ವಿನೋದಕ್ಕಾಗಿ ಒಂದು ಪ್ರಾಣಿಯನ್ನು ಇನ್ನೊಂದರ ಮೇಲೆ ಛೂಬಿಡುವುದು ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ನಾಯಿಯು ಬೆಕ್ಕನ್ನು ಕಚ್ಚಿದ್ದೇ ಆದರೆ ಗಾಯವು ಚಿಕ್ಕದೆಂದು ಉದಾಸೀನ ಮಾಡಬಾರದು. ಹಲ್ಲಿನ ತೂತು ಹೊರಗೆ ಸಣ್ಣದಾಗಿ ಕಂಡರೂ ಒಳಗೆ ಆಳವಾಗಿರಬಹುದು. ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಬೆಕ್ಕಿನ ಉಗುರಿನಿಂದ ನಾಯಿಯ ಕಣ್ಣಿಗೂ ಹಾನಿಯಾಗಬಹುದು. ಎರಡಕ್ಕೂ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಕಾಲಕಾಲಕ್ಕೆ ಹಾಕಿಸಿರಬೇಕು. ಬೆಕ್ಕನ್ನು ಸಾಕಿದವರೂ ಅದು ಹತ್ತಿ ಕುಳಿತುಕೊಳ್ಳಲು ಎತ್ತರದ ತಾಣವನ್ನು ಒದಗಿಸಿ, ರಾತ್ರಿಯಲ್ಲಿ ಅದನ್ನು ಮನೆಯೊಳಗೆ ಇರಿಸಿಕೊಂಡರೆ ಅರ್ಧದಷ್ಟು ಚಿಂತೆ ತಪ್ಪುತ್ತದೆ.

"ಹುಟ್ಟುಗುಣ ಸುಟ್ಟರೂ ಹೋಗದು" ಎನ್ನುತ್ತಾರೆ. ಈ ಮಾತು ನಿಜ; ಬೆನ್ನಟ್ಟುವ ಗುಣವು ನಾಯಿಯಿಂದ ಪೂರ್ಣವಾಗಿ ತೊಲಗಲಾರದು. ಆದರೆ ಸುಡುವುದೊಂದೇ ಮಾರ್ಗವಲ್ಲ. ಹೊಳೆಯನ್ನು ಬತ್ತಿಸದೆಯೇ ಕಾಲುವೆಯಲ್ಲಿ ಹರಿಸುವಂತೆ ಹುಟ್ಟುಗುಣಕ್ಕೂ ಹಾದಿಯನ್ನು ತೋರಿಸಬಹುದು. ನಾಯಿಯಲ್ಲಿ ವೇಗವನ್ನೂ ಬೇಟೆಯ ಬಯಕೆಯನ್ನೂ ಬಲಪಡಿಸಿದವನು ಮಾನವನೇ ಆಗಿರುವಾಗ, ಅದರ ಓಟಕ್ಕೆ ಹೊಣೆಗಾರನೂ ಅವನೇ ಅಲ್ಲವೆ? ನಾಯಿಯು ತನ್ನನ್ನು ತಾನೇ ತಡೆದುಕೊಳ್ಳಲಾರದು. ಬೆಕ್ಕು ತನ್ನ ಅಳಲನ್ನು ಹೇಳಲಾರದು. ಎರಡನ್ನೂ ಅರಿಯಬಲ್ಲವನು ಅವುಗಳನ್ನು ಸಾಕಿದವನೊಬ್ಬನೇ. ನುಗ್ಗೆಯ ಮರದ ಮೇಲೆ ನಡುಗುತ್ತಿರುವ ಬೆಕ್ಕು ನಿರ್ಭಯವಾಗಿ ಕೆಳಗಿಳಿದು ಅಂಗಳವನ್ನು ದಾಟುವಂತಾದರೆ, ಜಗಲಿಯ ಮೇಲಿನ ನಾಯಿಯು ಅದನ್ನು ನೋಡಿ ತನ್ನ ಒಡೆಯನ ಮುಖದ ಕಡೆಗೆ ತಿರುಗುವಂತಾದರೆ, ಅದರ ಶಿಕ್ಷಣವು ಸಾರ್ಥಕವಾಯಿತೆಂದು ತಿಳಿಯಬೇಕು. ಆ ಶಿಕ್ಷಣದಲ್ಲಿ ನಾಯಿಯಷ್ಟೇ ಒಡೆಯನೂ ಕಲಿತಿರುತ್ತಾನೆ.